ಒತ್ತಿಗೆ ಜಾಗ ಬಿಡು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಈ ಲೇಖನದಲ್ಲಿ ಎಲ್ಲಾದರೂ ಲ-ಳ ಅದಲುಬದಲಾಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಹಾಸ್ಟೆಲ್ ರೂಮಿನ ಕಿಟಕಿಯಲ್ಲಿ ಇಟ್ಟಿದ್ದ ನನ್ನ ಪುಟ್ಟ ಗೂಡ್ಸ್ ವ್ಯಾಗನ್ ನೋಡಿ ಕನ್ನಡ ಸಂಘದ ಸೀನಿಯರ್ ಒಬ್ಬರು, "ಇಷ್ಟು ಸಣ್ಣ ನಂಬರ್ ಹೇಗೆ ಬರೆದೆ ಮಾರಾಯ?" ಅಂದರು. "ಬರೆದಿಲ್ಲ ಅಣ್ಣ, ಮನೇಲಿ ಪ್ರಿಂಟ್ ಮಾಡಿ ಅಂಟಿಸಿದ್ದು" ಅಂದೆ. "ಹಾಗಾದ್ರೆ ಅದನ್ನೇ ಬರಿ" ಅಂದರು. ಬರೀತಿದ್ದೀನಿ.

ನಮ್ಮೂರು ಹೊಸಪೇಟೆ. ನಮ್ಮಲ್ಲಿ ರೈಲ್ವೆ ಗೇಟ್ ಬಿದ್ದರೆ ಬೈಕ್ ಆಫ್ ಮಾಡಿ ಕೂರಬೇಕು, ಯಾಕಂದ್ರೆ ಬರೋದು ಹೆಚ್ಚಾಗಿ ಗೂಡ್ಸ್. ಸಂಡೂರಿನ ಕಡೆಯ ಕೆಂಪು ಅದಿರು ತುಂಬಿಕೊಂಡ ವ್ಯಾಗನ್‌ಗಳು, ಐವತ್ತಕ್ಕೂ ಮೇಲೆ. ಚಿಕ್ಕವನಿದ್ದಾಗ ಎಣಿಸ್ತಾ ಎಣಿಸ್ತಾ ನಲವತ್ತರ ಹತ್ತಿರ ಲೆಕ್ಕ ತಪ್ಪುತ್ತಿತ್ತು. ಆ ಹುಚ್ಚು ಹೋಗಲಿಲ್ಲ. ಥರ್ಡ್ ಸೆಮ್ ಮುಗಿದ ರಜೆಯಲ್ಲಿ ನಾನೇ ಒಂದು ವ್ಯಾಗನ್ ಮಾಡೋಣ ಅಂತ ಕೂತೆ.

ಆರಿಸಿಕೊಂಡಿದ್ದು ಬಾಕ್ಸ್‌ಎನ್. ಈ ಹೆಸರಲ್ಲಿ ಪ್ರತಿ ಅಕ್ಷರಕ್ಕೂ ಅರ್ಥ ಇದೆ. 'ಬಿ' ಅಂದ್ರೆ ಬೋಗಿ, 'ಓ' ಅಂದ್ರೆ ಮೇಲೆ ತೆರೆದದ್ದು, 'ಎಕ್ಸ್' ಅಂದ್ರೆ ಗೋಡೆ ಎತ್ತರದ್ದು, 'ಎನ್' ಅಂದ್ರೆ ಏರ್ ಬ್ರೇಕ್ ಇರೋದು. ನಿಜವಾದ ವ್ಯಾಗನ್ ಸುಮಾರು 10.7 ಮೀಟರ್ ಉದ್ದ. ಎಚ್‌ಓ ಸ್ಕೇಲ್ ಅಂದ್ರೆ 87ರಲ್ಲಿ ಒಂದು ಪಾಲು, ಅಂದ್ರೆ ನನ್ನದು 12.3 ಸೆಂಟಿಮೀಟರ್. ಬಾಡಿಯನ್ನು 3ಡಿ ಪ್ರಿಂಟ್ ಮಾಡಿಸಿದೆ, ಚಕ್ರಗಳನ್ನು ಆನ್‌ಲೈನ್ ತರಿಸಿದೆ. ಕಂದು ಬಣ್ಣ ಹೊಡೆದು ಟೇಬಲ್ ಮೇಲಿಟ್ಟರೆ ಸೋಪಿನ ಡಬ್ಬಿ ಥರ ಕಾಣ್ತಿತ್ತು. ಮೇಲೆ ಅಕ್ಷರ, ನಂಬರ್ ಇಲ್ಲದೆ ಅದು ರೈಲು ಆಗೋದೇ ಇಲ್ಲ. ನಮ್ಮ ವ್ಯಾಗನ್‌ಗಳಿಗೆ ರೆಡಿಮೇಡ್ ಡಿಕಾಲ್ ಹುಡುಕಿದೆ, ನನಗೆ ಬೇಕಾದ್ದು ಸಿಗಲಿಲ್ಲ. ಸರಿ, ಮನೇಲೇ ಮಾಡೋಣ ಅಂತ ಹೊರಟೆ.

ಡಿಕಾಲ್ ಅಂದ್ರೆ ಏನು ಅನ್ನೋರಿಗೆ: ಬಬಲ್ ಗಮ್ ಜೊತೆ ಒಂದು ಟ್ಯಾಟೂ ಬರ್ತಿತ್ತಲ್ವಾ, ಕೈ ಮೇಲಿಟ್ಟು ಒದ್ದೆ ಮಾಡಿ ಒತ್ತೋದು? ಇದು ಅದರ ದೊಡ್ಡಣ್ಣ. ಕಾಗದದ ಮೇಲೆ ನೀರಲ್ಲಿ ಕರಗೋ ಅಂಟು, ಅದರ ಮೇಲೆ ತೆಳು ಪೊರೆ. ಪೊರೆಯ ಮೇಲೆ ಪ್ರಿಂಟ್ ಮಾಡಿ, ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ನೆನೆಸಿದರೆ ಪೊರೆ ಕಾಗದದಿಂದ ಜಾರುತ್ತೆ. ಅದನ್ನು ಮಾಡೆಲ್ ಮೇಲೆ ಜಾರಿಸಿ ಕೂರಿಸಬೇಕು. ಯೂಟ್ಯೂಬಲ್ಲಿ ನಾಲ್ಕು ನಿಮಿಷದ ಕೆಲಸ. ನನಗೆ ಹದಿನೆಂಟು ದಿನ ಹಿಡೀತು.

ಮೊದಲ ಹಾಳೆ ನೀರು ಪಾಲಾಯಿತು, ಅಕ್ಷರಶಃ. ನಮ್ಮ ಮನೇಲಿರೋದು ಇಂಕ್‌ಜೆಟ್. ಅದರ ಇಂಕ್ ನೀರಿಗೆ ಬಿದ್ದರೆ ಕರಗುತ್ತೆ. ಪ್ರಿಂಟ್ ಆದಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಎರಡು ಮೂರು ಸಲ ತೆಳ್ಳಗೆ ಹೊಡೆದು ಒಣಗಿಸಬೇಕಿತ್ತು, ನಾನು ಹೊಡೆದಿರಲಿಲ್ಲ. ಬಟ್ಟಲಲ್ಲಿ ಹನ್ನೊಂದು ಅಂಕಿಗಳೂ ಸೇರಿ ಒಂದು ಕಷಾಯ ಆಯ್ತು. ಎರಡನೇ ಹಾಳೆ ಕೂತಿತು, ಆದರೆ ಒಣಗಿದ ಮೇಲೆ ಅಕ್ಷರದ ಸುತ್ತ ಬೆಳ್ಳಗೆ ಮಿಂಚು. 3ಡಿ ಪ್ರಿಂಟಿನ ಗೆರೆಗಳ ಮಧ್ಯೆ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಮೈಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಹೊಳೆಯೋ ವಾರ್ನಿಷ್ ಹೊಡೆದು, ಆಮೇಲೆ ಡಿಕಾಲ್ ಕೂರಿಸಿ, ಕೊನೆಗೆ ಮ್ಯಾಟ್ ಹೊಡೀಬೇಕು. ಕೂರದ ಕಡೆ ನೀರು ಬೆರೆಸಿದ ವಿನೆಗರ್ ಹಚ್ಚಿದರೆ ಪೊರೆ ಸ್ವಲ್ಪ ಮೆತ್ತಗಾಗುತ್ತೆ. ಅಮ್ಮನ ಅಡುಗೆಮನೆಯಿಂದ ಅದೂ ಬಂತು.

ಇದಕ್ಕಿಂತ ದೊಡ್ಡ ಸಮಸ್ಯೆ ಬಿಳಿ. ವ್ಯಾಗನ್ ಕಂದು, ಅಕ್ಷರ ಬಿಳಿ. ಮನೆ ಪ್ರಿಂಟರಲ್ಲಿ ಬಿಳಿ ಇಂಕೇ ಇಲ್ಲ! ಅದು ಕಾಗದದ ಬಿಳಿಯನ್ನು ನಂಬಿಕೊಂಡು ಬದುಕೋ ಮಷೀನು. ಪಾರದರ್ಶಕ ಹಾಳೆ ಮೇಲೆ ಬಿಳಿ ಅಕ್ಷರ ಪ್ರಿಂಟ್ ಕೊಟ್ಟರೆ ಖಾಲಿ ಹಾಳೆ ಹೊರಗೆ ಬರುತ್ತೆ. ದಾರಿ ಒಂದೇ. ಬಿಳಿ ಡಿಕಾಲ್ ಹಾಳೆ ತಗೊಂಡು, ಅಕ್ಷರದ ಜಾಗ ಬಿಟ್ಟು, ಸುತ್ತಲಿನ ಕಂದು ಬಣ್ಣವನ್ನೇ ಪ್ರಿಂಟ್ ಮಾಡೋದು. ಆದರೆ ಆ ಕಂದು ವ್ಯಾಗನ್ನಿನ ಕಂದಿಗೆ ಸರಿಹೊಂದಬೇಕು. ಒಂದು ಹಾಳೆ ತುಂಬ ಇಪ್ಪತ್ತನಾಲ್ಕು ಕಂದು ಚೌಕ ಪ್ರಿಂಟ್ ಮಾಡಿದೆ, ಒಂದೂ ಹೊಂದಲಿಲ್ಲ ಅನ್ನಿಸಿತು.

ಆಗ ಅಪ್ಪ ಬಂದು ನೋಡಿದರು. "ಮೂರನೇ ಸಾಲು, ಎಡದಿಂದ ಎರಡನೇದು. ಒಂಚೂರು ಕಪ್ಪು ಹಾಕು" ಅಂದರು. ಹಾಕಿದೆ. ಹೊಂದಿತು.

ಅಪ್ಪನ ಬಗ್ಗೆ ಇಲ್ಲಿ ಹೇಳಲೇಬೇಕು. ಈಗ ಅವರು ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡ್ತಾರೆ. ಅದಕ್ಕೂ ಮೊದಲು ಬೋರ್ಡ್ ಬರೀತಿದ್ದರು, ಹೆಚ್ಚಾಗಿ ಲಾರಿ. ಸಂಡೂರಿನಿಂದ ಅದಿರು ಹೊರುತ್ತಿದ್ದ ಲಾರಿಗಳ ಮುಂದೆ 'ಶ್ರೀ ಕುಮಾರಸ್ವಾಮಿ ಪ್ರಸನ್ನ', ಹಿಂದೆ ನಂಬರ್, ಬಾಗಿಲ ಮೇಲೆ ಮಾಲೀಕರ ಮಕ್ಕಳ ಹೆಸರು. ದಿನಕ್ಕೆ ಮೂರು ಲಾರಿ ಬರೆದದ್ದೂ ಇದೆ ಅಂತಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದ ಕಾರಣ ಬೇಕಾದಷ್ಟಿದ್ದವು, ಅದು ನಮಗೆಲ್ಲ ಗೊತ್ತು. ಆದರೆ ಲಾರಿ ನಿಂತಾಗ ಅಪ್ಪನ ಬ್ರಷ್ಷೂ ನಿಂತಿತು. ಮತ್ತೆ ಗಣಿ ಶುರುವಾಗಿ ಲಾರಿ ಓಡೋ ಹೊತ್ತಿಗೆ ಊರ ತುಂಬ ಫ್ಲೆಕ್ಸು, ಸ್ಟಿಕರು. ಅಂದ್ರೆ ಪ್ರಿಂಟರ್.

ಆಗ ನನಗೆ ಐದು ವರ್ಷ. ನಮ್ಮ ಸ್ಕೂಲಲ್ಲಿ ಕನ್ನಡ ಮಾತಾಡಿದರೆ ಫೈನ್ ಇತ್ತು. ಅಪ್ಪನ ಉದ್ಯೋಗ ಅನ್ನೋ ಕಾಲಂನಲ್ಲಿ ನಾನು ಎಷ್ಟೋ ವರ್ಷ 'ಬಿಸಿನೆಸ್' ಅಂತ ತುಂಬಿದ್ದೀನಿ. ನಮ್ಮಪ್ಪ ಬರೆದ ಲಾರಿ ಎದುರಿಗೆ ಬಂದರೆ ನಂಬರ್ ಓದುತ್ತಿದ್ದೆ, ಅಕ್ಷರಗಳನ್ನು ನೋಡಿ ಸುಮ್ಮನಾಗುತ್ತಿದ್ದೆ. ಒತ್ತಕ್ಷರ ಬಂದರೆ ನನಗೆ ಓದೋಕೆ ಆಗ್ತಿರಲಿಲ್ಲ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ವ್ಯಾಗನ್‌ಗೆ ವಾಪಸ್ ಬರೋಣ. ನಂಬರ್ ಸುಮ್ಮನೆ ಬಾಯಿಗೆ ಬಂದದ್ದು ಹಾಕೋ ಹಾಗಿಲ್ಲ. ನಮ್ಮ ರೈಲ್ವೆಯ ವ್ಯಾಗನ್ ನಂಬರ್ 11 ಅಂಕಿ. ಮೊದಲೆರಡು ವ್ಯಾಗನ್ ಯಾವ ಬಗೆ ಅಂತ, ಮುಂದಿನ ಎರಡು ಯಾವ ರೈಲ್ವೆಯದು ಅಂತ, ಆಮೇಲಿನ ಎರಡು ತಯಾರಾದ ವರ್ಷ, ಮುಂದಿನ ನಾಲ್ಕು ಆ ವ್ಯಾಗನ್ನಿನದೇ ನಂಬರ್, ಕೊನೆಯದು ಚೆಕ್ ಡಿಜಿಟ್. ಹಂಪಿ ರಸ್ತೆಯ ಅನಂತಶಯನಗುಡಿ ಹತ್ತಿರ ನಿಂತಿದ್ದ ಒಂದು ರೇಕಿನ ಫೋಟೋ ನನ್ನ ಫೋನಲ್ಲಿತ್ತು. ಅದರಲ್ಲಿ ಎಂಟನೇ ಅಂಕಿಯ ಮೇಲೆ ಅದಿರಿನ ಧೂಳು. 3 ಇರಬಹುದು, 5, 6, 8 ಯಾವುದು ಬೇಕಾದ್ರೂ ಇರಬಹುದು.

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕ್ಲಾಸಲ್ಲಿ ಪ್ಯಾರಿಟಿ ಬಿಟ್ ಮಾಡುವಾಗ ನಾವೆಲ್ಲ ನಿದ್ದೆ ಮಾಡಿದ್ದು ನೆನಪಿದೆಯಾ? ಅದರ ಅಣ್ಣತಮ್ಮ ಇಲ್ಲಿ ಕೆಲಸಕ್ಕೆ ಬಂತು. ಲೆಕ್ಕ ಹೀಗೆ: ಮೊದಲ ಹತ್ತು ಅಂಕಿಗಳಲ್ಲಿ ಸಮ ಸ್ಥಾನದವನ್ನು ಕೂಡಿ 3ರಿಂದ ಗುಣಿಸಬೇಕು, ಅದಕ್ಕೆ ಬೆಸ ಸ್ಥಾನದವನ್ನು ಕೂಡಿಸಬೇಕು. ಬಂದ ಮೊತ್ತ ಮುಂದಿನ ಹತ್ತರ ಗುಣಕ ಆಗೋಕೆ ಎಷ್ಟು ಬೇಕೋ ಅದೇ ಹನ್ನೊಂದನೇ ಅಂಕಿ. ನನ್ನ ಫೋಟೋದಲ್ಲಿ ಕಾಣೋ ಸಮ ಸ್ಥಾನಗಳ ಮೊತ್ತ 14, ಮೂರರಿಂದ ಗುಣಿಸಿದರೆ 42. ಬೆಸ ಸ್ಥಾನಗಳು 19. ಚೆಕ್ ಡಿಜಿಟ್ 4. ಒಟ್ಟು 65. ಕಾಣದ ಅಂಕಿಯ ಮೂರು ಪಟ್ಟು ಸೇರಿದಾಗ ಕೊನೆಗೆ ಸೊನ್ನೆ ಬರಬೇಕು. 5 ಹಾಕಿದರೆ 65ಕ್ಕೆ 15 ಸೇರಿ 80. ಬೇರೆ ಯಾವ ಅಂಕಿ ಹಾಕಿದರೂ ಬರಲ್ಲ, ಯಾಕಂದ್ರೆ ಮೂರರ ಮಗ್ಗಿಯಲ್ಲಿ 0ಯಿಂದ 9ರವರೆಗೆ ಕೊನೆಯ ಅಂಕಿ ಒಂದೂ ರಿಪೀಟ್ ಆಗಲ್ಲ. ಧೂಳಿನ ಕೆಳಗಿದ್ದದ್ದು 5. ಆ ರಾತ್ರಿ ಇಂಟರ್ನಲ್ಸಲ್ಲಿ ಫುಲ್ ಮಾರ್ಕ್ಸ್ ಬಂದಷ್ಟು ಖುಷಿಯಾಯ್ತು.

ವ್ಯಾಗನ್ ಮುಗೀತು. ಬಿಳಿ ಹಾಳೆ ಕತ್ತರಿಸಿದ ಅಂಚಲ್ಲಿ ಉಳಿದ ಬಿಳಿ ಗೆರೆಯನ್ನು ಅಪ್ಪ ಹಳೇ ಡಬ್ಬಿಯಿಂದ ಸೊನ್ನೆ ನಂಬರ್ ಬ್ರಷ್ ತೆಗೆದು ಕಂದು ಹಚ್ಚಿ ಮುಚ್ಚಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಮಾತೂ ಆಡಲಿಲ್ಲ.

ಧೈರ್ಯ ಬಂತು. ಒಂದು ನೀಲಿ ಬೋಗಿ ಮಾಡಿ ಅದಕ್ಕೆ ಹಂಪಿ ಎಕ್ಸ್‌ಪ್ರೆಸ್ ಬೋರ್ಡ್ ಹಾಕೋಣ ಅಂದುಕೊಂಡೆ. (ಹಂಪಿ ಎಕ್ಸ್‌ಪ್ರೆಸ್ ಹಂಪಿಗೆ ಹೋಗಲ್ಲ. ಹಂಪಿಗೆ ಸ್ಟೇಷನ್ನೇ ಇಲ್ಲ, ಹೊಸಪೇಟೆಯಲ್ಲೇ ಇಳೀಬೇಕು. ಟೂರಿಸ್ಟ್‌ಗಳಿಗೆ ಇದನ್ನು ಹೇಳೋದೇ ನಮ್ಮೂರ ಆಟೋದವರ ಮೊದಲ ಡೈಲಾಗು.) ಹಳದಿ ಮೇಲೆ ಕಪ್ಪು ಅಕ್ಷರ, ಬಿಳಿಯ ಗೋಳಿಲ್ಲ. 'ಹುಬ್ಬಳ್ಳಿ – ಮೈಸೂರು ಹಂಪಿ ಎಕ್ಸ್‌ಪ್ರೆಸ್' ಅಂತ ಟೈಪ್ ಮಾಡಿ, ಡಿಸೈನ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿ, ಪ್ರಿಂಟ್ ತೆಗೆದು, ಸ್ಪ್ರೇ ಹೊಡೆದು ಒಣಗಲು ಇಟ್ಟೆ. ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದರು.

"ಲೇ ತಮ್ಮಾ, ಇದೇನಿದು?"

"ಹುಬ್ಬಳ್ಳಿ ಅಪ್ಪಾ."

"ಎಲ್ಲೈತಲೇ ಒತ್ತು? ಹುಬ್‌ಬಳ್‌ಳಿ ಅಂತ ಐತಿ."

ನೋಡಿದೆ. ನಿಜ. ಬ್ಬ ಅನ್ನೋದು ಕಂಪ್ಯೂಟರಿಗೆ ಒಂದು ಅಕ್ಷರ ಅಲ್ಲ. ಬ, ಒಂದು ಹಲಂತದ ಗುರುತು, ಮತ್ತೊಂದು ಬ, ಹೀಗೆ ಮೂರು ಕೋಡ್. ಅದನ್ನು ಸೇರಿಸಿ ಒತ್ತು ಮಾಡೋದು ಸಾಫ್ಟ್‌ವೇರಿನ ಕೆಲಸ, ನಾನು ಬಳಸಿದ್ದಕ್ಕೆ ಅದು ಬರ್ತಿರಲಿಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಸರಿಹೋಗುತ್ತೆ, ಇಂಕ್‌ಸ್ಕೇಪಲ್ಲಿ ಸರಿಹೋಯ್ತು ಕೂಡ. ನನಗೆ ಚುಚ್ಚಿದ್ದು ಬೇರೆ. ಎರಡು ದಿನ ಆ ಫೈಲ್ ನೋಡ್ತಾ ಕೂತಿದ್ದೆ, 400 ಪರ್ಸೆಂಟ್ ಝೂಮ್ ಮಾಡಿ ನೋಡಿದ್ದೆ, ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಂಗ್ಲಿಷಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪಿದ್ದರೆ ದೂರದಿಂದಲೇ ಕಾಣ್ತಿತ್ತು.

ಒತ್ತು ಸರಿಯಾಗಿ ಬಂದ ಮೇಲೆ ಇನ್ನೊಂದು ಕಥೆ. ಬೋರ್ಡಿನ ಅಕ್ಷರ ನಿಜದಲ್ಲಿ 10 ಸೆಂಟಿಮೀಟರ್ ಇದ್ದರೆ ನನ್ನ ಸ್ಕೇಲಲ್ಲಿ 1.15 ಮಿಲಿಮೀಟರ್. ಒತ್ತು ಅದರ ಅರ್ಧ. 600 ಡಿಪಿಐ ಪ್ರಿಂಟರಲ್ಲಿ ಅರ್ಧ ಮಿಲಿಮೀಟರ್ ಅಂದ್ರೆ ಸುಮಾರು 12 ಚುಕ್ಕಿ. ಅದರಲ್ಲಿ ಬ ಒತ್ತಿನ ಹೊಟ್ಟೆ, ಗೆರೆ, ಖಾಲಿ ಜಾಗ ಎಲ್ಲ ಬರಬೇಕು. ಇಂಕ್ ಒಂಚೂರು ಹರಡಿದರೆ ಮುಗೀತು. ಇಂಗ್ಲಿಷ್ ಸಾಲು ಚೆನ್ನಾಗೇ ಬಂತು. ಕನ್ನಡ ಸಾಲಿನ ಕೆಳಗೆ ಇರುವೆ ಸಾಲು. "ಕನ್ನಡ ಇಷ್ಟು ಸಣ್ಣದಾಗಿ ಬರಲ್ಲ ಅಪ್ಪಾ, ಲಿಪಿನೇ ಹಾಗೆ" ಅಂದೆ.

ಅಪ್ಪ ಜೇಬಿಂದ 50 ರೂಪಾಯಿ ನೋಟ್ ತೆಗೆದು ಟೇಬಲ್ ಮೇಲಿಟ್ಟರು. 2017ರಲ್ಲಿ ಬಂದ ನೀಲಿ ನೋಟು, ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ. ಅದೇ ಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇದೆ. ಮೇಲಿಂದ ನಾಲ್ಕನೇದು ಕನ್ನಡ, 'ಐವತ್ತು ರೂಪಾಯಿಗಳು'. ತ ಒತ್ತು ಸೂಜಿಮೊನೆಯಷ್ಟು, ಆದರೂ ಕಾಣುತ್ತೆ. ದಿನಾ ಕೈಯಲ್ಲಿ ಹಿಡೀತೀವಿ, ನಾನು ಒಮ್ಮೆಯೂ ಓದಿರಲಿಲ್ಲ.

"ದೊಡ್ಡ ಅಕ್ಷರ ಕುಗ್ಗಿಸಿದ್ರ ಸಣ್ಣ ಅಕ್ಷರ ಆಗಂಗಿಲ್ಲ" ಅಂದರು ಅಪ್ಪ. "ಸಣ್ಣದನ್ನ ಸಣ್ಣದಾಗೇ ಬರೀಬೇಕು. ಗೆರಿ ತೆಳ್ಳಗ ಮಾಡು. ಒತ್ತು ಒಂಚೂರು ದೊಡ್ಡದು ಮಾಡಿ ಕೆಳಗ ಇಳಿಸು. ಮ್ಯಾಲಿನ ಅಕ್ಷರಕ್ಕ ತಾಗಬಾರ್ದು. ಒತ್ತಿಗೆ ಜಾಗ ಬಿಡು."

ಇಬ್ಬರೂ ಕೂತೆವು. ಅವರು ನೋಟ್‌ಬುಕ್ಕಲ್ಲಿ ಪೆನ್ಸಿಲಿಂದ ಬರೆದು ತೋರಿಸೋದು, ನಾನು ಇಂಕ್‌ಸ್ಕೇಪಲ್ಲಿ ಅಕ್ಷರವನ್ನು ಔಟ್‌ಲೈನ್ ಮಾಡಿ ಒಂದೊಂದು ಒತ್ತನ್ನೂ 0.1 ಮಿಲಿಮೀಟರ್ ಕೆಳಗೆ ಎಳೆಯೋದು. ಬ್ಬ, ಳ್ಳಿ ಬಗೆಹರಿದವು. 'ಎಕ್ಸ್‌ಪ್ರೆಸ್' ಒಂದಕ್ಕೇ ಒಂದು ಸಂಜೆ ಹೋಯ್ತು. ಕ ಕೆಳಗೆ ಸ, ಪ ಕೆಳಗೆ ರ, ಎರಡೂ ಒಂದರ ಪಕ್ಕ ಒಂದು ಜಗಳಕ್ಕೆ ಬರ್ತಿದ್ದವು. ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿ ಸೈಜಿಗೂ ಅಕ್ಷರವನ್ನು ಬೇರೆ ಬೇರೆಯಾಗೇ ಕೊರೀತಿದ್ದರು ಅಂತ ಆಮೇಲೆ ಓದಿದೆ. ಅಪ್ಪ ಅದನ್ನು ಓದಿಲ್ಲ. ಲಾರಿ ಬಾಗಿಲ ಮೇಲೆ ಕಲಿತದ್ದು.

ಆ ಸಂಜೆ ಕೇಳಿಬಿಟ್ಟೆ, "ಅಪ್ಪಾ, ನಾನು ಪ್ರಿಂಟ್ ಮಾಡೋದು ನೋಡಿ ನಿಮಗೆ ಬೇಜಾರಾಗಲ್ವಾ?" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗ ಆಗಿತ್ತು" ಅಂದರು. ಆಮೇಲೆ, "ಆ ಸ ಒತ್ತು ಇನ್ನೂ ತಾಗಾಕತ್ತೈತಿ ನೋಡು" ಅಂದರು.

ರಜೆ ಮುಗಿಯೋ ಮುಂಚೆ ಕಂಪ್ಲಿಗೆ ಹೋದೆವು, ಅಮ್ಮನ ತವರು. ಕಂಪ್ಲಿಯಲ್ಲಿ ಕೋಟೆ ಇದೆ, ಹೊಳೆ ಇದೆ, ಭತ್ತದ ಗದ್ದೆ ಇದೆ, ರೈಲಿಲ್ಲ. ಮಾವನ ಮಗ ಮೂರನೇ ಕ್ಲಾಸು, ಕನ್ನಡ ಶಾಲೆ. ಅವನಿಗೆ ವ್ಯಾಗನ್ ತೋರಿಸಿದರೆ ಮೊದಲ ಪ್ರಶ್ನೆ, "ನಮ್ಮೂರಿಗೆ ಬರ್ತೈತಾ?" ನಾನು ಮೊದಲೇ ತಯಾರಾಗಿದ್ದೆ. ಬೆಂಕಿಕಡ್ಡಿಯಷ್ಟು ದಪ್ಪದ ಎರಡು ಕಂಬ, ಮೇಲೆ ಹಳದಿ ಹಲಗೆ, ಅದರ ಮೇಲೆ ಮೂರು ಭಾಷೆಯಲ್ಲಿ ಊರ ಹೆಸರು. ಕನ್ನಡದ ಸಾಲು ನಾನೊಬ್ಬನೇ ತಿದ್ದಿದ್ದು, ಅಪ್ಪನಿಗೆ ತೋರಿಸಿರಲಿಲ್ಲ.

ಹುಡುಗ ಅದನ್ನು ಮೂಗಿನ ಹತ್ತಿರ ಹಿಡಿದು ಓದಿದ: "ಕಂ... ಪ್ಲಿ." ಆಮೇಲೆ ಅಪ್ಪನ ಕೈಗೆ ಹೋಯ್ತು. ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಲ ಒತ್ತಿನ ಮೇಲೆ ಉಗುರಿನ ತುದಿ ಇಟ್ಟರು. "ಹೂಂ" ಅಂದರು. ಅಷ್ಟೇ. ನಮ್ಮಪ್ಪನ 'ಹೂಂ' ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು.

ಈ ಸೆಮ್ ಶುರುವಾದಾಗ ಹಾಸ್ಟೆಲ್ ಫಾರ್ಮಲ್ಲಿ ಮತ್ತೆ ತಂದೆಯ ಉದ್ಯೋಗ ಕೇಳಿದ್ದರು. 'ಬೋರ್ಡ್ ಪೇಂಟರ್' ಅಂತ ಬರೆದೆ. ಈಗ ಅವರು ಬರೆಯಲ್ಲ, ಹಾಗಾಗಿ ಟೆಕ್ನಿಕಲಿ ತಪ್ಪು. ಆಫೀಸಿನವರು ಕೇಳಿದರೆ ನೋಡೋಣ.

ನನ್ನ ಹತ್ತಿರ ಡಿಕಾಲ್ ಹಾಳೆ ಇನ್ನೂ ನಾಲ್ಕು ಉಳಿದಿವೆ. ನಿಮ್ಮೂರಿನ ಸ್ಟೇಷನ್ ಬೋರ್ಡ್ ಬೇಕಿದ್ದರೆ ರೂಮಿಗೆ ಬನ್ನಿ, ಮಾಡಿಕೊಡ್ತೀನಿ, ಊರಲ್ಲಿ ರೈಲಿಲ್ಲದಿದ್ದರೂ ಪರವಾಗಿಲ್ಲ. ಹೆಸರಲ್ಲಿ ಒತ್ತಿದ್ದರೆ ಮಾತ್ರ ಎರಡು ದಿನ ಜಾಸ್ತಿ ಹಿಡಿಯುತ್ತೆ.