ನಮ್ಮ ದಂತಘರ್ಷಣ

ಮನುಷ್ಯನು ತನ್ನ ಗೊರಕೆಯನ್ನು ತಾನು ಕೇಳಲಾರನೆಂಬುದು ಎಲ್ಲರೂ ಬಲ್ಲ ಸಂಗತಿ. ತಾನು ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನೂ ಅವನು ಕೇಳಲಾರನೆಂಬುದು ನಮಗೆ ತಿಳಿದದ್ದು ಅರುವತ್ತು ತುಂಬುವ ಹೊತ್ತಿಗೆ. ತಿಳಿಸಿದವರು ನಮ್ಮ ಮನೆಯವರು. "ರಾತ್ರಿ ಯಾರೋ ಅಂಗಳದ ಜಲ್ಲಿಯ ಮೇಲೆ ಕಾಲೆಳೆದುಕೊಂಡು ಓಡಾಡಿದ ಹಾಗೆ ಕೇಳಿಸಿತು. ಎದ್ದು ದೀಪ ಹಾಕಿ ನೋಡಿದರೆ ಹೊರಗೆ ಯಾರೂ ಇಲ್ಲ, ಸದ್ದು ನಿಮ್ಮ ಬಾಯಿಂದ ಬರುತ್ತಿದೆ" ಎಂದು ಒಂದು ಬೆಳಿಗ್ಗೆ ಕಾಫಿಯ ಲೋಟವನ್ನು ಮುಂದಿಡುತ್ತ ಹೇಳಿದರು. ಮೂವತ್ತೈದು ವರ್ಷ ಪಾಠ ಹೇಳಿದವರ ಸ್ವಭಾವವೇ ಹಾಗೆ: ಪ್ರಮಾಣವೇನೆಂದು ಕೇಳಿದೆವು. ರಜಕ್ಕೆ ಬಂದಿದ್ದ ಮಗಳು, "ಅಪ್ಪಯ್ಯ, ಇದು ಇವತ್ತಿನದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಕೇಳಿದ್ದೇನೆ. ಬೇಕಾದರೆ ಮೊಬೈಲಿನಲ್ಲಿ ಹಿಡಿದು ಕೇಳಿಸುತ್ತೇನೆ" ಎಂದಳು. ಬೇಡವೆಂದೆವು. ಸಾಕ್ಷಿಗಳು ಇಬ್ಬರಾದ ಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ.

ನಮ್ಮ ಬಾಲ್ಯದಲ್ಲಿ ಈ ವ್ಯಾಧಿಗೆ ಒಂದೇ ಕಾರಣ, ಒಂದೇ ಮದ್ದು. ಸೊರಬದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಗುವು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎಂದು ಹಿರಿಯರು ನಿರ್ಣಯಿಸಿಬಿಡುತ್ತಿದ್ದರು. ನಮ್ಮ ತಮ್ಮನಿಗೆ ತಾಯಿಯವರು ಇದೇ ಕಾರಣದಿಂದ ಬೇವಿನ ಕಷಾಯವನ್ನು ಮೂಗು ಹಿಡಿದು ಕುಡಿಸುತ್ತಿದ್ದುದು ನಮಗೆ ಈಗಲೂ ನೆನಪಿದೆ. ನಮಗೆ ಆ ಭಾಗ್ಯ ದೊರೆತಿರಲಿಲ್ಲವಾದುದರಿಂದ ನಾವು ಪಕ್ಕದಲ್ಲಿ ನಿಂತು ನಗುತ್ತಿದ್ದೆವು.

ಸಾಕ್ಷ್ಯವನ್ನು ಒಪ್ಪಿಕೊಂಡರೂ ಚಿಕಿತ್ಸೆಯ ಯೋಚನೆಯನ್ನು ನಾವು ಮಾಡಲಿಲ್ಲ. ಒಂದು ಶನಿವಾರ ಹುಚ್ಚರಾಯಸ್ವಾಮಿಯ ಗುಡಿಗೆ ಹೋಗಿ ಬಂದು ಮೊಸರವಲಕ್ಕಿಯನ್ನು ತಿನ್ನುತ್ತಿದ್ದಾಗ, ಎಡಗಡೆಯ ದವಡೆಹಲ್ಲಿನ ಒಂದು ಚೂರು ಮುರಿದು ನಾಲಗೆಯ ಮೇಲೆ ಬಂದು ಕುಳಿತಿತು. ಕಬ್ಬು ಸಿಗಿಯುವಾಗ ಮುರಿದಿದ್ದರೆ ಅರ್ಥವಿತ್ತು. ನೆನೆದ ಅವಲಕ್ಕಿಗೆ ಹಲ್ಲು ಮುರಿಯುವುದೆಂದರೇನು? ಆ ಗುಡಿಯ ಸ್ವಾಮಿಯಾದರೋ ಸಾಕ್ಷಾತ್ ಆಂಜನೇಯ. ಇಂದ್ರನ ವಜ್ರಾಯುಧದ ಪೆಟ್ಟಿನಿಂದ ಹನು, ಎಂದರೆ ದವಡೆ, ಭಗ್ನವಾದುದರಿಂದಲೇ ಹನುಮಂತನೆಂಬ ಹೆಸರು ಬಂದಿತೆಂದು ನಾವೇ ಎಷ್ಟು ತರಗತಿಗಳಲ್ಲಿ ಹೇಳಿಲ್ಲ! ದವಡೆಯ ದೇವರ ಪ್ರಸಾದದ ದಿನವೇ ನಮ್ಮ ದವಡೆಗೂ ಪೆಟ್ಟಾಯಿತೆಂದು ಮನೆಯವರು ನಕ್ಕರು. ನಮಗೆ ನಗು ಬರಲಿಲ್ಲ.

ಗ್ರಂಥವನ್ನು ಬಿಚ್ಚದೆ ವೈದ್ಯರ ಬಳಿಗೆ ಹೋಗುವುದು ನಮ್ಮ ಜಾಯಮಾನವಲ್ಲ. ಚರಕಸುಶ್ರುತರಲ್ಲಿ ಹುಡುಕಿದೆವು. ವಾತವ್ಯಾಧಿಗಳಲ್ಲಿ ಹನುಗ್ರಹವೆಂಬುದೊಂದು ಸಿಕ್ಕಿತು. ಇದೇ ನಮ್ಮ ರೋಗವೆಂದು ಸಂತೋಷಪಟ್ಟು ಮನೆಯವರಿಗೆ ಓದಿ ಹೇಳಿಯೂ ಆಯಿತು. ಆಮೇಲೆ ನೋಡಿದರೆ ಅದು ದವಡೆ ಹಿಡಿದುಕೊಂಡು ಬಾಯಿ ತೆರೆಯಲಾಗದ ಅಥವಾ ಮುಚ್ಚಲಾಗದ ಅವಸ್ಥೆ. ನಮ್ಮ ಬಾಯಿ ಹಗಲೆಲ್ಲ ಚೆನ್ನಾಗಿಯೇ ತೆರೆಯುತ್ತಿದ್ದಿತು. ಪುಸ್ತಕವನ್ನು ಮಡಿಸಿಟ್ಟು ಶಿವಮೊಗ್ಗದ ಬಸ್ಸು ಹತ್ತಿದೆವು.

ಅಲ್ಲಿಯ ದಂತವೈದ್ಯೆಯು ಹಿಂದೆ ನಮ್ಮಲ್ಲಿ ಸಂಸ್ಕೃತ ಓದಿದವಳು. ಬಾಯೊಳಗೆ ಕನ್ನಡಿ ಹಿಡಿದು ನೋಡಿ, "ಮೇಷ್ಟ್ರೇ, ಈ ಹಲ್ಲು ನಿನ್ನೆ ಮುರಿದದ್ದಲ್ಲ. ಬಹಳ ವರ್ಷಗಳಿಂದ ಬಿರುಕು ಬಿಡುತ್ತ ಬಂದಿದೆ. ನೋಡಿ, ಮೇಲಿನ ಹಲ್ಲುಗಳೂ ಕೆಳಗಿನ ಹಲ್ಲುಗಳೂ ತೇಯ್ದು ಚಪ್ಪಟೆಯಾಗಿವೆ. ಹಲ್ಲಿನ ಮೇಲಣ ಬಿಳಿಯ ಪದರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ" ಎಂದಳು. ಬಳಿಕ ನಮ್ಮ ಬೆರಳುಗಳನ್ನು ಕಿವಿಯ ಕೆಳಗೆ ದವಡೆಯ ಮೂಲೆಯ ಮೇಲಿರಿಸಿ ಹಲ್ಲು ಕಚ್ಚಲು ಹೇಳಿದಳು. ಚರ್ಮದ ಕೆಳಗೆ ಗೋಟಡಿಕೆಯಂತೆ ಗಟ್ಟಿಯಾದುದೊಂದು ಎದ್ದು ನಿಂತಿತು. ಅದು ಅಗಿಯುವ ಸ್ನಾಯು. ದೇಹದ ಬಲಿಷ್ಠ ಸ್ನಾಯುಗಳಲ್ಲಿ ಒಂದು. ಅದರ ಸಂಗಾತಿಯು ಕಣ್ಣು ಕಿವಿಗಳ ನಡುವಿನ ಶಂಖಪ್ರದೇಶದಲ್ಲಿ ಬೀಸಣಿಗೆಯಂತೆ ಹರಡಿದೆ. ಪ್ರತಿ ಬೆಳಿಗ್ಗೆ ನಮಗೆ ಅದೇ ಎಡೆಯಲ್ಲಿ ತಲೆನೋವಿರುತ್ತಿದ್ದಿತು. ಅದನ್ನು ಕನ್ನಡಕದ ತಪ್ಪೆಂದು ಬಗೆದು ಎರಡು ಸಲ ಕನ್ನಡಕ ಬದಲಿಸಿದ್ದೆವು.

ಕಾರಣವೇನೆಂಬ ಪ್ರಶ್ನೆಗೆ ಅವಳು ಒಂದೇ ಉತ್ತರವನ್ನು ಕೊಡಲಿಲ್ಲ. ನಿದ್ದೆಯು ಅರೆಕ್ಷಣ ತಿಳಿಯಾಗಿ ಮತ್ತೆ ಗಾಢವಾಗುವ ಸಂಧಿಗಳಲ್ಲಿ ಮಿದುಳೇ ದವಡೆಗೆ ಅಪ್ಪಣೆ ಕೊಡುವುದಂತೆ. ಕಾಫಿ, ಹೊಗೆಸೊಪ್ಪು, ಮದ್ಯಗಳು ಅದನ್ನು ಹೆಚ್ಚಿಸುವುವು. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಗಳಿಂದಲೂ ಬರುವುದುಂಟು. ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿಯೂ ಕಾಣುವುದು. ಕೆಲವು ಮನೆತನಗಳಲ್ಲಿ ಹೆಚ್ಚು. ಕೊನೆಗೆ, "ಹಗಲಿನಲ್ಲಿ ಮನಸ್ಸಿಗೆ ಏನಾದರೂ ಹತ್ತಿಕೊಂಡಿದೆಯೇ, ಮೇಷ್ಟ್ರೇ?" ಎಂದು ಕೇಳಿದಳು. ಏನೂ ಇಲ್ಲವೆಂದೆವು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು ಕೈಬಳೆಗಳನ್ನು ಸರಿಪಡಿಸಿಕೊಳ್ಳತೊಡಗಿದರು.

ಮುರಿದ ಹಲ್ಲಿಗೆ ಟೋಪಿ ಹಾಕಿಸಿಕೊಂಡುದಾಯಿತು. ರಾತ್ರಿ ಹಲ್ಲುಗಳ ನಡುವೆ ಇಟ್ಟುಕೊಳ್ಳಲು ಗಾಜಿನಂತೆ ತಿಳಿಯಾದ ಒಂದು ತಟ್ಟೆಯನ್ನು ಅಚ್ಚು ತೆಗೆದು ಮಾಡಿಕೊಟ್ಟಳು. ಮೊದಲ ಉಪಾಯ ಇದೇ. ಬಹುಮಂದಿಗೆ ಇಷ್ಟರಿಂದಲೇ ಹಲ್ಲು ಉಳಿಯುವುದು. ಇದು ಕಡಿತವನ್ನು ನಿಲ್ಲಿಸದು. ಹಲ್ಲಿಗೆ ಬದಲಾಗಿ ತಾನು ತೇಯುವುದು. ನಾವು ಅದನ್ನು ಮೂರು ತಿಂಗಳೊಳಗೆ ಕಡಿದು ಸೀಳಿದೆವು, ತಲೆನೋವೂ ನಿಲ್ಲಲಿಲ್ಲ. ಆಗ ಅವಳು ಸೂಜಿಮದ್ದಿನ ಪ್ರಸ್ತಾಪವೆತ್ತಿದಳು.

ಈ ಮದ್ದಿನ ಚರಿತ್ರೆಯು ವಿಚಿತ್ರವಾದುದರಿಂದ ವಾಚಕರು ಕೊಂಚ ತಾಳಿಕೊಳ್ಳಬೇಕು. ಇದು ಮೂಲತಃ ವಿಷ, ತಿಳಿದಿರುವ ವಿಷಗಳಲ್ಲೆಲ್ಲ ಅತ್ಯುಗ್ರವಾದುದು. ಸುಮಾರು 200 ವರ್ಷಗಳ ಹಿಂದೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟ ಮಾಂಸದ ತಿನಿಸನ್ನು ತಿಂದವರು ಕಣ್ಣೆವೆ ಇಳಿಬಿದ್ದು, ನುಂಗಲಾರದೆ, ಉಸಿರಾಡಲಾರದೆ ಸಾಯುತ್ತಿದ್ದರು. ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯನು ಆ ರೋಗಿಗಳನ್ನು ಪರೀಕ್ಷಿಸಿ 1820 ಮತ್ತು 1822ರಲ್ಲಿ ಗ್ರಂಥಗಳನ್ನು ಬರೆದನು. ಅವನು ಕವಿಯೂ ಆಗಿದ್ದನು. ವಿಷವನ್ನು ತಾನೇ ಅಲ್ಪಸ್ವಲ್ಪ ಸೇವಿಸಿ ನೋಡಿದನಲ್ಲದೆ, ಅತಿಯಾಗಿ ಚಲಿಸುವ ನರಗಳನ್ನು ಶಾಂತಗೊಳಿಸಲು ಇದೇ ಒಂದು ದಿನ ಔಷಧವಾಗಬಹುದೆಂದೂ ಊಹಿಸಿದನು. ಕವಿಯಲ್ಲದವನಿಗೆ ಅಂತಹ ಊಹೆ ಬರುತ್ತಿತ್ತೆಂದು ನಮಗೆ ತೋರುವುದಿಲ್ಲ. 1895ರಲ್ಲಿ ಬೆಲ್ಜಿಯಂ ದೇಶದ ಒಂದು ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯದವರು ಹಂದಿಯ ಮಾಂಸ ತಿಂದು ಬಿದ್ದಾಗ ವಾನ್ ಎರ್ಮೆಂಗೆಂ ಎಂಬ ಪಂಡಿತನು ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಹಿಡಿದನು. ಧನುರ್ವಾಯುವನ್ನುಂಟುಮಾಡುವ ಜೀವಿಯೂ ಇದೂ ಒಂದೇ ಕುಲದವು, ಎರಡೂ ಮಣ್ಣಿನಲ್ಲಿರತಕ್ಕವು. ಅಣ್ಣನ ವಿಷವು ದವಡೆಯನ್ನು ಬಿಗಿಯುವುದು, ತಮ್ಮನದು ಸಡಿಲಿಸುವುದು. ಅಮೆರಿಕದ ನೇತ್ರವೈದ್ಯ ಅಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿಗೆ ಪ್ರಯೋಗಿಸಿ 1980ರಲ್ಲಿ ಫಲವನ್ನು ಪ್ರಕಟಿಸಿದನು. 1989ರಲ್ಲಿ ಅಲ್ಲಿಯ ಸರಕಾರ ಅನುಮತಿಯಿತ್ತಿತು. ಹಲ್ಲು ಕಡಿಯುವುದಕ್ಕೆಂದು ಆ ದೇಶದಲ್ಲಿ ಅಂಗೀಕಾರ ಕೊಟ್ಟಿಲ್ಲ. ವೈದ್ಯರು ತಮ್ಮ ವಿವೇಚನೆಯಿಂದ ಕೊಡುತ್ತಾರೆ. ಈ ಮಾತನ್ನು ನಮ್ಮ ಶಿಷ್ಯೆ ಮುಚ್ಚಿಡಲಿಲ್ಲ.

ವಿಷವೆಂಬ ಮಾತು ಕೇಳಿ ಮನೆಯವರು ಬೆವರಿದರು. ನಮಗಿದ್ದ ಭಯ ಬೇರೆ. ದವಡೆ ಸಡಿಲಿದರೆ ಉಚ್ಚಾರಣೆಯ ಗತಿಯೇನು? ಮಹಾಪ್ರಾಣಗಳನ್ನು ನುಂಗುವ ಹುಡುಗರನ್ನು ಇಷ್ಟು ವರ್ಷ ಗದರಿಸಿದ ಬಾಯಿ ತಾನೇ ತೊದಲಿದರೆ ಬೆಳಗಿನ ಪಾರಾಯಣವನ್ನು ಯಾವ ಮುಖದಿಂದ ಮಾಡುವುದು? ಕೇಳಲು ನಾಚಿಕೆಯಾದರೂ ಕೇಳಿದೆವು. ಅವಳು ನಗದೆ, ಮಾತಿಗೆ ಬೇಕಾದ ನಾಲಗೆ ತುಟಿಗಳನ್ನು ಈ ಮದ್ದು ಮುಟ್ಟುವುದಿಲ್ಲ, ಸೂಜಿ ಸರಿಯಾದ ಎಡೆಯಲ್ಲಿ ಬೀಳಬೇಕಷ್ಟೆ. ಬಾಯಿಯ ಮೂಲೆಯನ್ನೆಳೆಯುವ ಸ್ನಾಯುವಿಗೆ ಹರಡಿದರೆ ನಗು ಕೆಲವು ವಾರ ಓರೆಯಾಗಬಹುದು, ಗಟ್ಟಿ ಪದಾರ್ಥವನ್ನು ಅಗಿಯಲು ಆಯಾಸವಾಗಬಹುದು ಎಂದಳು. ಸ್ನಾಯುಗಳ ದೌರ್ಬಲ್ಯದ ರೋಗವುಳ್ಳವರಿಗೂ ಗರ್ಭಿಣಿಯರಿಗೂ ಮೊಲೆಯೂಡಿಸುವವರಿಗೂ ಕೊಡುವುದಿಲ್ಲವೆಂದೂ, ಕೆಲವು ಬಗೆಯ ಔಷಧಗಳೊಡನೆ ಹೊಂದದೆಂದೂ ಹೇಳಿ ನಾವು ನುಂಗುವ ಮಾತ್ರೆಗಳನ್ನೆಲ್ಲ ಬರೆದುಕೊಂಡಳು.

ಶ್ರಾವಣದಲ್ಲಿ ಸೂಜಿ ಹಾಕಿಸಿಕೊಂಡೆವು. ಒಂದೊಂದು ಕೆನ್ನೆಗೆ ಮೂರು ಕಡೆ ಚುಚ್ಚಿ 25 ಯೂನಿಟ್ಟುಗಳಷ್ಟು ಕೊಟ್ಟಳು. ಇರುವೆ ಕಚ್ಚಿದಷ್ಟು ನೋವು. ಹತ್ತು ನಿಮಿಷದ ಕೆಲಸ. ಖರ್ಚು ಮಾತ್ರ 15,000 ರೂಪಾಯಿಗೆ ಸಮೀಪ. ಆ ದಿನ ಕೆನ್ನೆ ತಿಕ್ಕಬಾರದು, ಕೆಲವು ಗಂಟೆ ಮಲಗಬಾರದು ಎಂದು ಕಟ್ಟಳೆ. ಶಿಕಾರಿಪುರದವರೆಗೆ ಬಸ್ಸಿನಲ್ಲಿ ನಾವು ತೂಕಡಿಸದಂತೆ ಮನೆಯವರು ಕಾವಲಿದ್ದರು.

ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಹಣ ನೀರಿಗೆ ಹೋಯಿತೆಂದುಕೊಂಡೆವು. ನರದ ತುದಿಯು ಸ್ನಾಯುವಿಗೆ ಅಪ್ಪಣೆಯನ್ನು ಒಂದು ದ್ರವದ ಮೂಲಕ ಕಳುಹಿಸುವುದು. ಮದ್ದು ನರದೊಳಗೆ ಸೇರಿ ಆ ದ್ರವ ಹೊರಬರುವ ಬಾಗಿಲನ್ನು ಕೆಡಿಸಬೇಕು. ಇದಕ್ಕೆ ಕೆಲವು ದಿನ, ಪೂರ್ಣಫಲಕ್ಕೆ ಎರಡು ವಾರ ಬೇಕು. ಎಂಟನೆಯ ದಿನ ಚಕ್ಕುಲಿಯನ್ನು ಕಚ್ಚಿದಾಗ ದವಡೆ ಅರ್ಧದಲ್ಲಿಯೇ ಸೋತು ನಿಂತಿತು. ಚೌತಿಯ ಹಬ್ಬದಲ್ಲಿ ನಾವು ಚಕ್ಕುಲಿಯನ್ನು ಹಾಲಿನಲ್ಲಿ ನೆನೆಸಿ ತಿಂದೆವು. ಅದನ್ನು ಕಂಡು ಮೊಮ್ಮಕ್ಕಳಿಗೆ ಬಹಳ ಸಂತೋಷ. ಉಚ್ಚಾರಣೆಗೆ ಕುಂದಾಗಲಿಲ್ಲ. ತಲೆನೋವು ಹೋಯಿತು. ಮನೆಯವರು ಎಷ್ಟೋ ವರ್ಷಗಳ ಮೇಲೆ ಬೆಳಗಿನ ಐದು ಗಂಟೆಯವರೆಗೆ ಒಂದೇ ನಿದ್ದೆ ಮಾಡಿದೆನೆಂದರು. ಅವರ ಕಣ್ಣಿನ ಕೆಳಗಿನ ಕಪ್ಪು ವಯಸ್ಸಿನದೆಂದೇ ನಾವು ಇಷ್ಟು ಕಾಲ ತಿಳಿದಿದ್ದೆವು.

ಮತ್ತೆ ನೋಡಿಸಿಕೊಳ್ಳಲು ಹೋದಾಗ ವ್ಯಾಧಿ ಗುಣವಾಯಿತೇ ಎಂದು ಕೇಳಿದೆವು. ಶಿಷ್ಯೆ ತಲೆಯಾಡಿಸಿದಳು. ನಿದ್ದೆಯ ಪರೀಕ್ಷೆ ಮಾಡಿ ನೋಡಿದವರಿಗೆ, ಸೂಜಿಯ ಬಳಿಕವೂ ಮಿದುಳು ಅಪ್ಪಣೆ ಕೊಡುವ ಸಲಗಳು ಕಡಿಮೆಯಾದುದು ಕಾಣಲಿಲ್ಲವಂತೆ. ಕಡಿತದ ಬಲ ಮಾತ್ರ ಕುಗ್ಗುವುದು. ನರದ ತುದಿ ಮೂರು ನಾಲ್ಕು ತಿಂಗಳಲ್ಲಿ ಸರಿಹೋಗಿ ಬಲ ಹಿಂದಿರುಗುವುದು. ಎಂದರೆ ನಾವು ಪ್ರತಿ ರಾತ್ರಿಯೂ ಕಡಿಯುತ್ತಲೇ ಇದ್ದೆವು, ಕೇಳಿಸುತ್ತಿರಲಿಲ್ಲ. "ಈ ಬಿಡುವಿನಲ್ಲಿ ಉಳಿದದ್ದನ್ನು ನೋಡಿಕೊಳ್ಳಿ, ಮೇಷ್ಟ್ರೇ" ಎಂದಳು.

ಉಳಿದದ್ದು ಏನೆಂಬುದನ್ನು ಬಸ್ಸಿನಲ್ಲಿ ಮನೆಯವರೇ ಎತ್ತಿದರು. "ಆ ಹುಡುಗಿಯ ಮುಂದೆ ಏನೂ ಇಲ್ಲ ಅಂದಿರಿ. ಹದಿನೆಂಟು ಗುಂಟೆ ತೋಟ ಏನೂ ಅಲ್ಲವೇ?" ತಂದೆಯವರು ತೀರಿಕೊಂಡ ಬಳಿಕ ಅಡಿಕೆತೋಟದ ಒಂದು ತುಂಡಿನ ವಿಷಯದಲ್ಲಿ ನಮಗೂ ತಮ್ಮನಿಗೂ ಸೊರಬದ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯುತ್ತಿದೆ. ಈ ವಿಷಯದಲ್ಲಿ ನಾವು ಒಂದು ದಿನವೂ ದನಿಯೇರಿಸಿ ಮಾತನಾಡಿದವರಲ್ಲ; ಅದು ನಮ್ಮ ಹೆಮ್ಮೆಯಾಗಿದ್ದಿತು. ತರಗತಿಯಲ್ಲಿಯೂ ನಾವು ಬೆತ್ತ ಹಿಡಿಯಲಿಲ್ಲ. ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆವು. ಭೀಮಸೇನನು ಸಿಟ್ಟಿನಲ್ಲಿ ಹಲ್ಲು ಕಡಿದುದನ್ನು ಮಹಾಭಾರತದಲ್ಲಿ ಓದಿಸುವಾಗ, ಅವನು ಎಚ್ಚರದಲ್ಲಿ, ಸಭೆಯ ನಡುವೆ, ಎಲ್ಲರಿಗೂ ಕೇಳುವಂತೆ ಕಡಿದನೆಂಬುದನ್ನು ನಾವು ಗಮನಿಸಿರಲಿಲ್ಲ.

"ಮಾವನವರ ತಿಥಿಯನ್ನು ಮೂರು ವರ್ಷದಿಂದ ಇಲ್ಲೇ ಬೇರೆ ಮಾಡುತ್ತಿದ್ದೀರಿ. ಈ ಸಲ ಊರಿಗೆ ಹೋಗೋಣ" ಎಂದರು. ಪುಷ್ಯಮಾಸದ ಚಳಿಯಲ್ಲಿ ಶಿರಾಳಕೊಪ್ಪದ ಮೇಲಿಂದ ಊರಿಗೆ ಹೋದೆವು. ತಮ್ಮನು ಬಾಗಿಲಿಗೆ ಬಂದು, "ಬಾ ಅಣ್ಣಯ್ಯ" ಎಂದು ಚೀಲ ತೆಗೆದುಕೊಂಡನು. ಅಷ್ಟರ ಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ರಾತ್ರಿ ಹೆಂಗಸರು ಒಳಗೆ, ನಾವಿಬ್ಬರು ಜಗುಲಿಯಲ್ಲಿ ಮಲಗಿದೆವು. ಮದ್ದಿನ ಬಲ ಇಳಿದಿದ್ದಿತು; ನಮ್ಮ ಸದ್ದು ಅವನಿಗೆ ಕೇಳಿಸೀತೆಂಬ ಲಜ್ಜೆಯಿಂದ ನಿದ್ದೆ ಹತ್ತಲಿಲ್ಲ.

ನಡುರಾತ್ರಿ ಕಳೆದ ಮೇಲೆ ಅಂಗಳದಲ್ಲಿ ಯಾರೋ ಜಲ್ಲಿಯ ಮೇಲೆ ಕಾಲೆಳೆದುಕೊಂಡು ನಡೆದಂತೆ ಕೇಳಿಸಿತು. ಎದ್ದು ಕುಳಿತೆವು. ನಮ್ಮ ಅಂಗಳದಲ್ಲಿ ಜಲ್ಲಿಯಿಲ್ಲ, ಸಗಣಿ ಸಾರಿಸಿದ ನೆಲ. ಸದ್ದು ಪಕ್ಕದ ಹಾಸಿಗೆಯಿಂದ ಬರುತ್ತಿದ್ದಿತು. ಐವತ್ತು ವರ್ಷದ ಬೇವಿನ ಕಷಾಯ ಏನೂ ಮಾಡಿರಲಿಲ್ಲ. ಮಸಕು ಬೆಳಕಿನಲ್ಲಿ ಅವನ ಕೆನ್ನೆಯ ಮೂಲೆಯಲ್ಲಿ ಆ ಗಂಟು ಏಳುತ್ತಲೂ ಇಳಿಯುತ್ತಲೂ ಇರುವುದನ್ನು ನಾವು ಬಹಳ ಹೊತ್ತು ನೋಡಿದೆವು.

ಬೆಳಿಗ್ಗೆ ಕೊಟ್ಟಿಗೆಯ ಬಳಿ ಅವನನ್ನು ಕೇಳಿದೆವು: "ಎದ್ದ ಕೂಡಲೆ ಇಲ್ಲಿ ನೋಯುತ್ತದೆಯೇ?" ಅವನು ಶಂಖದ ಮೇಲೆ ಕೈಯಿಟ್ಟುಕೊಂಡು, "ನಿನಗೆ ಹೇಗೆ ಗೊತ್ತಾಯಿತು ಅಣ್ಣಯ್ಯ? ಪಿತ್ತವೆಂದು ಎರಡು ವರ್ಷದಿಂದ ಶುಂಠಿ ಕುಡಿಯುತ್ತಿದ್ದೇನೆ" ಎಂದನು. ಶಿವಮೊಗ್ಗದ ವಿಳಾಸವನ್ನು ಬರೆದುಕೊಟ್ಟೆವು. ಮೊದಲು ತಟ್ಟೆ, ಅದು ಸಾಲದಿದ್ದರೆ ಸೂಜಿ ಎಂದು ಕ್ರಮವನ್ನೂ ಹೇಳಿ, ಚಕ್ಕುಲಿಯ ವಿಷಯದಲ್ಲಿ ಎಚ್ಚರಿಸಿದೆವು. ಅವನು ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಒಬ್ಬನೇ ಹೋದರೆ ನನಗೆ ಆ ಪೇಟೆ ತಿಳಿಯುವುದಿಲ್ಲ" ಎಂದನು. ಮುಂದಿನ ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇವೆಂದು ಹೇಳಿ ಬಂದೆವು. ವ್ಯಾಜ್ಯದ ತಾರೀಖು ಅದರ ಮರುದಿನ.