ಓಗೊಡುವ ಪೆಟ್ಟಿಗೆ

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಪ್ರಪಂಚದಲ್ಲಿ ಬೇರೇನೂ ತಿಳಿಯದೆಂದು ಭಾವಿಸಿರುವ ಜನ ಒಂದು ಕಡೆ. ಓದಿದವನಿಗೆ ತಿಳಿಯದ್ದು ಯಾವುದೂ ಇರಲಾರದೆಂದು ನಂಬಿರುವ ಜನ ಇನ್ನೊಂದು ಕಡೆ. ನನ್ನ ಹೆಂಡತಿ ಮೊದಲನೆಯ ಪಂಗಡಕ್ಕೆ ಸೇರಿದವಳು. ನನ್ನ ಅಕ್ಕ ಎರಡನೆಯದಕ್ಕೆ. 2022ರ ರಜೆಯಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಆ ಮನೆಗೊಂದು ಕೇಬಲ್ ಮೋಡೆಮ್ಮನ್ನು ಆರಿಸಿಕೊಡುವ ಹೊಣೆ ನನ್ನ ತಲೆಯ ಮೇಲೆ ಬಿದ್ದುದು ಈ ಎರಡನೆಯ ನಂಬಿಕೆಯ ಫಲ. ಮೊದಲನೆಯ ನಂಬಿಕೆಯಲ್ಲಿಯೂ ಕೊಂಚ ಸತ್ಯವಿದೆಯೆಂಬುದು ಮುಂದೆ ತಿಳಿದೀತು.

ವಿಷಯ ಇಷ್ಟು. ಅಕ್ಕನ ಮನೆಗೆ ಟೆಲಿವಿಷನ್ನು, ಇಂಟರ್ನೆಟ್ಟು, ಟೆಲಿಫೋನು ಮೂರೂ ಒಂದೇ ಕೇಬಲ್ಲಿನಲ್ಲಿ ಬರುತ್ತಿದ್ದುವು. ಕೇಬಲ್ಲಿನ ತುದಿಯಲ್ಲಿ ಕಂಪನಿಯವರು ಬಾಡಿಗೆಗೆ ಕೊಟ್ಟ ಪೆಟ್ಟಿಗೆಯೊಂದು ಕುಳಿತಿತ್ತು. ಅದರ ಬಾಡಿಗೆ ತಿಂಗಳಿಗೆ 14 ಡಾಲರು. ಆರು ವರ್ಷಗಳಲ್ಲಿ ತೆತ್ತದ್ದನ್ನು ಭಾವ ಕೂಡಿ ನೋಡಿದಾಗ ಸಾವಿರ ಡಾಲರು ದಾಟಿತ್ತು. ಗ್ರಾಹಕ ತಾನೇ ಕೊಂಡು ತಂದ ಪೆಟ್ಟಿಗೆಗೆ ಕಂಪನಿಯವರು ಬಾಡಿಗೆ ಕೇಳಕೂಡದೆಂದು ಅಲ್ಲಿ 2019ರಲ್ಲಿಯೇ ಕಾನೂನಾಗಿತ್ತು. "ಸ್ವಂತದ್ದೊಂದು ತಂದುಬಿಡೋಣ ಕಣೋ. ನಾಲ್ಕು ಪುಸ್ತಕ ಓದಿದವನು ನೀನು, ನೋಡಿ ಆರಿಸು" ಎಂದಳು ಅಕ್ಕ. ಭಾವನವರು, "ಮೇಷ್ಟ್ರು ಆರಿಸಿದ ಮೇಲೆ ಅಪೀಲೇ ಇಲ್ಲ" ಎಂದು ನಕ್ಕು ಆಫೀಸಿಗೆ ಹೊರಟುಹೋದರು.

ಅಮ್ಮನೂ ಆಗ ಅಲ್ಲಿಯೇ ಇದ್ದಳು. ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದವಳು. 68 ವರ್ಷ, ಸಕ್ಕರೆ ಕಾಯಿಲೆ, ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಮೈಸೂರಿನಿಂದ ತಂದ ಮೊಬೈಲು ಅಲ್ಲಿ ವಾಟ್ಸಾಪಿಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಅದರ ಸಣ್ಣ ಅಕ್ಷರಗಳೂ ಅವಳಿಗೆ ಕಾಣುತ್ತಿರಲಿಲ್ಲ. ಅವಳ ನಂಬುಗೆಯೆಲ್ಲ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ, ಸುರುಳಿ ತಂತಿಯ ಟೆಲಿಫೋನಿನ ಮೇಲೆ. "ಸ್ಪೀಡು ಗೀಡು ನಿಮಗೆ ಬಿಟ್ಟದ್ದು. ಆ ಫೋನು ಮಾತ್ರ ಕರೆದರೆ ಓ ಅನ್ನಬೇಕಪ್ಪ" ಎಂದಳು. ನಾನು "ಆಗಲಮ್ಮ" ಎಂದೆ. ಕೇಳಿಸಿಕೊಂಡೆನೆಂದು ಹೇಳಲಾರೆ.

ಮೋಡೆಮ್ ಎಂಬ ಪದವೇ ನನ್ನನ್ನು ಒಂದು ದಿನ ಹಿಡಿದು ನಿಲ್ಲಿಸಿತು. ಕಂಪ್ಯೂಟರು ಬಲ್ಲದ್ದು ಬರಿಯ ಅಂಕಿಗಳನ್ನು; ಕೇಬಲ್ಲಿನಲ್ಲಿ ಹರಿಯುವುದು ರೇಡಿಯೋ ಅಲೆಗಳು. ಅಂಕಿಗಳನ್ನು ಅಲೆಯ ಬೆನ್ನ ಮೇಲೆ ಹೇರುವುದು ಮಾಡ್ಯುಲೇಷನ್; ಬಂದ ಅಲೆಯ ಬೆನ್ನಿನಿಂದ ಇಳಿಸಿಕೊಳ್ಳುವುದು ಡಿಮಾಡ್ಯುಲೇಷನ್. ಎರಡನ್ನೂ ಮಾಡುವ ಯಂತ್ರಕ್ಕೆ ಎರಡು ಪದಗಳ ತಲೆಗಳನ್ನು ಕತ್ತರಿಸಿ ಜೋಡಿಸಿ ಮೋಡೆಮ್ ಎಂದರು. ಕೇಶಿರಾಜನು ಇದನ್ನು ಕಂಡಿದ್ದರೆ ಯಾವ ಸಮಾಸವೆನ್ನುತ್ತಿದ್ದನೋ! ಅರಿಸಮಾಸವೆಂದೇ ದೂರವಿಡುತ್ತಿದ್ದನೇನೋ.

ಪೆಟ್ಟಿಗೆಗಳ ಮೇಲೆ ಬರೆದಿದ್ದುದು ಇನ್ನೂ ಗಹನವಾಗಿತ್ತು. ಕೇಬಲ್ ಮೋಡೆಮ್ಮುಗಳೆಲ್ಲ ಪಾಲಿಸಬೇಕಾದ ಡಾಕ್ಸಿಸ್ ಎಂಬ ಕಟ್ಟಳೆಯೊಂದಿದೆ. ಅದು ಮೊದಲು ಹೊರಬಂದದ್ದು 1997ರಲ್ಲಿ, 2006ರಲ್ಲಿ 3.0 ಬಂದಿತು, 2013ರಲ್ಲಿ 3.1. ಕೆಲವು ಪೆಟ್ಟಿಗೆಗಳ ಮೇಲೆ 16 × 4 ಎಂದೂ ಕೆಲವುಗಳ ಮೇಲೆ 32 × 8 ಎಂದೂ ಅಚ್ಚಾಗಿತ್ತು. ಮರದ ಅಡ್ಡೆಯ ತೊಲೆಗಳ ಅಳತೆಯಂತೆ ಕಂಡ ಇವು, ಮನೆಯೊಳಕ್ಕೆ ಇಳಿಯುವ ಕಾಲುವೆಗಳೆಷ್ಟು, ಹೊರಕ್ಕೆ ಏರುವ ಕಾಲುವೆಗಳೆಷ್ಟು ಎಂಬುದರ ಲೆಕ್ಕವಂತೆ. ಕಾಲುವೆ ಹೆಚ್ಚಿದಷ್ಟೂ ವೇಗ ಹೆಚ್ಚು. ನಾನು ಈ ಅಂಕಿಗಳ ಮೋಹಕ್ಕೆ ಸಿಕ್ಕಿಬಿದ್ದೆ.

ಮೊದಲ ದಿನ ಭಾವನೊಡನೆ ಅಂಗಡಿಗೆ ಹೋಗಿ, 32 × 8ರ ಪೆಟ್ಟಿಗೆಯೊಂದನ್ನು 85 ಡಾಲರಿಗೆ ಕೊಂಡು, ಅಗ್ಗಕ್ಕೆ ಸಿಕ್ಕಿತೆಂದು ಬೀಗುತ್ತ ಮನೆಗೆ ತಂದೆ. ಬೆನ್ನು ತಿರುಗಿಸಿ ನೋಡಿದರೆ ಟೆಲಿಫೋನಿನ ತಂತಿ ಸಿಕ್ಕಿಸಲು ತೂತೇ ಇಲ್ಲ! ಕೇಬಲ್ ಮೋಡೆಮ್ಮುಗಳಲ್ಲಿ ಹೆಚ್ಚಿನವು ಇಂಟರ್ನೆಟ್ಟಿಗೆ ಮಾತ್ರ. ಮಾತನ್ನೂ ಸಾಗಿಸುವುವು ಕೆಲವೇ. ಆ ಕೆಲವರಲ್ಲಿಯೂ ಕಂಪನಿಯವರ ಪಟ್ಟಿಯಲ್ಲಿ ಹೆಸರಿರುವುದನ್ನೇ ಕೊಳ್ಳಬೇಕು. ಎರಡನೆಯ ಬಾರಿ, ಯಾರೋ ಬಳಸಿ ಮಾರಿದ್ದ ಪೆಟ್ಟಿಗೆಯನ್ನು 50 ಡಾಲರಿಗೆ ತಂದೆವು. ಅದಕ್ಕೆ ತೂತುಗಳೆರಡಿದ್ದುವು. ಆದರೆ ಅದು ಮಾರಿದವನ ಸ್ವತ್ತಾಗಿರಲಿಲ್ಲ; ಬಾಡಿಗೆಗೆ ಪಡೆದು ಹಿಂದಿರುಗಿಸದೆ ಮಾರಿದ ಮಾಲು. ಕಂಪನಿಯವರು ಅದರ ನಂಬರು ಕೇಳಿದೊಡನೆ ತಮ್ಮದೆಂದು ಗುರುತಿಸಿಬಿಟ್ಟರು. ಭಾವನವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನ್ನದಿದ್ದುದೇ ಹೆಚ್ಚು ನೋಯಿಸಿತು.

ಮೂರನೆಯದು ಸರಿಯಾದದ್ದು. ಹೊಸದು, ಪಟ್ಟಿಯಲ್ಲಿದ್ದದ್ದು, ಎರಡು ಟೆಲಿಫೋನಿನ ತೂತುಗಳುಳ್ಳದ್ದು, 200 ಡಾಲರಿನದು. ದೀಪಗಳು ಒಂದೊಂದಾಗಿ ಹಸಿರಾದುವು. ವೇಗವನ್ನು ಅಳೆದು ನೋಡಿ ಅಕ್ಕ ಹಿಗ್ಗಿದಳು. ಪೆಟ್ಟಿಗೆಯ ಕೆಳಗೆ ಸಣ್ಣ ಮುಚ್ಚಳವೊಂದಿತ್ತು. ತೆಗೆದರೆ ಒಳಗೆ ಖಾಲಿ ಗೂಡು. ಬ್ಯಾಟರಿಯ ಜಾಗವಂತೆ, ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು, 40 ಡಾಲರು. ಆಗಲೇ ಕೈಬಿಟ್ಟುಹೋದ ಹಣ ಸಾಕಾಗಿತ್ತು. "ಇಲ್ಲಿ ಕರೆಂಟು ಹೋಗುವುದುಂಟೇ?" ಎಂದು ಮುಚ್ಚಳ ಮುಚ್ಚಿದೆ.

ಹೋಗುವುದುಂಟು. ಹದಿನೈದು ದಿನಗಳ ಮೇಲೆ ನಾನು ನ್ಯೂಯಾರ್ಕಿನ ದೊಡ್ಡ ಪುಸ್ತಕ ಭಂಡಾರವನ್ನು ನೋಡಬೇಕೆಂದು ರೈಲಿನಲ್ಲಿ ಹೋಗಿದ್ದೆ. ಅದರ ಬಾಗಿಲಲ್ಲಿ ಕುಳಿತ ಎರಡು ಕಲ್ಲಿನ ಸಿಂಹಗಳನ್ನು ನೋಡುತ್ತ ನಿಂತಿದ್ದಾಗ ಗುಡುಗು ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅಕ್ಕ ಆಫೀಸಿನಿಂದ ಮಾತನಾಡಿದಳು: "ಎಡಿಸನ್‌ನಲ್ಲಿ ಗಾಳಿಗೆ ಕರೆಂಟು ಹೋಗಿದೆಯಂತೆ ಕಣೋ. ಅಮ್ಮ ಫೋನು ಎತ್ತುತ್ತಿಲ್ಲ." ನಾನೂ ಕರೆದೆ. ಯಾವುದೋ ಯಂತ್ರದ ಹೆಣ್ಣು ದನಿ, ಸಂದೇಶ ಬಿಡಿರೆಂದು ವಿನಯದಿಂದ ಹೇಳಿತು. ವಾಟ್ಸಾಪಿಗೂ ಉತ್ತರವಿಲ್ಲ, ಅದೂ ಅದೇ ಪೆಟ್ಟಿಗೆಯ ಆಶ್ರಯದಲ್ಲಿದ್ದದ್ದಲ್ಲವೇ? ಹಿಂದಿರುಗುವ ರೈಲಿನಲ್ಲಿ ಆ ಖಾಲಿ ಗೂಡು ನನ್ನ ಕಣ್ಣ ಮುಂದಿನಿಂದ ಕದಲಲಿಲ್ಲ.

ಅಮ್ಮ ಪಕ್ಕದ ಮನೆಯಲ್ಲಿದ್ದಳು. ಊಟ ತಡವಾಗಿ, ಸಕ್ಕರೆ ಇಳಿದು, ಮೈ ಬೆವರಿ ಕಣ್ಣು ಕತ್ತಲಿಟ್ಟಿತಂತೆ. ಅಕ್ಕನನ್ನು ಕರೆಯಲು ಫೋನು ಎತ್ತಿದ್ದಾಳೆ, ಸದ್ದಿಲ್ಲ. ಡಬ್ಬದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕೆಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದು ಮಳೆಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಪಕ್ಕದ ಮನೆಯ ಗುಜರಾತಿ ತಾಯಿಯೊಬ್ಬರು ಕಿಟಕಿಯಿಂದ ಕಂಡು ಓಡಿಬಂದು ಕಿತ್ತಳೆ ರಸ ಕುಡಿಸಿ ಕರೆದುಕೊಂಡು ಹೋದರು. ನಾನು ಹೋಗುವ ವೇಳೆಗೆ ಇಬ್ಬರೂ ಅರೆಬರೆ ಹಿಂದಿಯಲ್ಲಿ ಸೊಸೆಯರ ವಿಚಾರ ಮಾತನಾಡುತ್ತಿದ್ದರು.

ಅಮ್ಮ ಬೈಯಲಿಲ್ಲ. "ಕೂಗಿದೆ ಕಣೋ. ಅದು ಓ ಅನ್ನಲಿಲ್ಲ" ಎಂದಳು, ಅಷ್ಟೆ.

ಆ ರಾತ್ರಿ ಅವಳಿಗೆ ವಿವರಿಸಿ ಹೇಳಿದೆ. ಮೈಸೂರಿನ ಮನೆಯಲ್ಲಿದ್ದ ಕಪ್ಪು ಟೆಲಿಫೋನು ಊರೆಲ್ಲ ಕತ್ತಲಾದಾಗಲೂ ಮಾತನಾಡುತ್ತಿತ್ತು. ಏಕೆಂದರೆ ಅದಕ್ಕೆ ಬೇಕಾದ 48 ವೋಲ್ಟಿನ ಶಕ್ತಿ ತಾಮ್ರದ ತಂತಿಯಲ್ಲಿಯೇ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಬರುತ್ತಿತ್ತು. ಕೇಬಲ್ಲಿನ ಫೋನು ಹಾಗಲ್ಲ. ಅದರ ಜೀವ ಮನೆಯ ಕರೆಂಟಿನಲ್ಲಿದೆ. ಅಮೆರಿಕದ ಸಂಪರ್ಕ ಆಯೋಗವು 2015ರಲ್ಲಿ, ಇಂಥ ಫೋನು ಒದಗಿಸುವವರು ಗ್ರಾಹಕ ಬಯಸಿದರೆ 8 ಗಂಟೆಗಳ ಕಾಲ ನಡೆಯುವ ಬ್ಯಾಟರಿಯನ್ನು ಒದಗಿಸಬೇಕೆಂದು ನಿಯಮ ಮಾಡಿತ್ತು. ಬೆಲೆ ಮಾತ್ರ ಗ್ರಾಹಕನದು. ಅಮ್ಮ ಎಲ್ಲವನ್ನೂ ಕೇಳಿ, "ಹಾಗಾದರೆ ಬಯಸಬೇಕಾಗಿತ್ತು" ಎಂದಳು.

ಮರುದಿನವೇ ಬ್ಯಾಟರಿ ಬಂದಿತು. ಭಾವನವರು ನೆಲಮಾಳಿಗೆಗೆ ಇಳಿದು ಮೆಯಿನ್ ಸ್ವಿಚ್ಚು ತೆಗೆದರು. ಮನೆ ಕತ್ತಲಾಯಿತು. ಇಂಟರ್ನೆಟ್ಟು ನಿಂತಿತು, ಬ್ಯಾಟರಿಯ ಉಪಕಾರ ಫೋನಿಗೆ ಮಾತ್ರ. ಅಮ್ಮ ತಡವರಿಸುತ್ತ ಹೋಗಿ ಫೋನು ಎತ್ತಿ ಕಿವಿಗಿಟ್ಟುಕೊಂಡಳು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು.

"ಇದೆ ಕಣೋ!" ಎಂದಳು.

ಬೀದಿಯ ಕೇಬಲ್ಲೇ ಕಡಿದುಬಿದ್ದರೆ ಈ ಬ್ಯಾಟರಿಯೂ ಏನೂ ಮಾಡಲಾರದು. ಅದನ್ನೂ ಹೇಳಿಯೇ ಬಂದೆ. ಗುಜರಾತಿ ತಾಯಿಯ ಮನೆಯ ಕೀಲಿಕೈ ಈಗ ಅಕ್ಕನ ಮನೆಯಲ್ಲಿಯೂ, ಅಕ್ಕನ ಮನೆಯದು ಅವರಲ್ಲಿಯೂ ಇವೆ. ನಮ್ಮ ಊರುಗಳಲ್ಲಿಯೂ ತಾಮ್ರದ ತಂತಿ ಹೋಗಿ ಗಾಜಿನೆಳೆಯ ಫೈಬರು ಮನೆಮನೆಗೆ ಬರುತ್ತಿದೆ. ಅದರ ಪೆಟ್ಟಿಗೆಗೂ ಮನೆಯ ಕರೆಂಟೇ ಉಸಿರು. ವೇಗವೆಷ್ಟೆಂದು ಕೇಳುವ ಮೊದಲು, ಮನೆಯಲ್ಲಿ ಹಗಲು ಒಬ್ಬರೇ ಇರುವವರು ಯಾರೆಂದು ಯೋಚಿಸುವುದು ಲೇಸು.

ಅಂದಿನಿಂದ ಅಮ್ಮ ದಿನಕ್ಕೊಮ್ಮೆ, ಯಾರಿಗೂ ಕರೆಯುವುದಿಲ್ಲದಿದ್ದರೂ, ಆ ಫೋನು ಎತ್ತಿ ಡಯಲ್ ಟೋನನ್ನು ಕೇಳುತ್ತಿದ್ದಳು. ಅಮೆರಿಕದಲ್ಲಿ ಅದು 350 ಮತ್ತು 440 ಕಂಪನಗಳ ಎರಡು ಸ್ವರಗಳು ಕೂಡಿದ ನಾದ. ಚಿಕ್ಕಂದಿನಲ್ಲಿ ಸಂಗೀತ ಕಲಿತಿದ್ದ ಅವಳು ಒಂದು ದಿನ ಅದನ್ನೇ ಶ್ರುತಿಯಾಗಿಟ್ಟುಕೊಂಡು ಮೆಲ್ಲನೆ ಸರಳೆವರಸೆ ಹಾಡಿಕೊಳ್ಳುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದುದನ್ನು ಕಂಡು ನಾಚಿ ಫೋನು ಇಟ್ಟು, "ಓ ಅನ್ನುತ್ತದೋ ಇಲ್ಲವೋ ನೋಡುತ್ತಿದ್ದೆ, ಅಷ್ಟೆ" ಎಂದಳು.