ಚೀಲದಲ್ಲಿ ಸೋಡಾ ಕಟ್ಟಲು ಹೋದ ಕಥೆ

ಬರೆಯದೆ ಮೂರು ತಿಂಗಳಾಯ್ತು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ. ಈಗಲೂ ಬರೆಯುತ್ತಿರಲಿಲ್ಲವೇನೋ, ಮೊನ್ನೆ ಮೊಮ್ಮಗ ಒಂದು ಪ್ರಶ್ನೆ ಕೇಳದೇ ಹೋಗಿದ್ದರೆ.

ಶಾಲೆಯಿಂದ ಬರುತ್ತಾ ಅಂಗಡಿ ಮುಂದೆ ನಿಂತವನು ಮಾವಿನ ರಸದ ಪೌಚ್ ಒಂದನ್ನು ಕೈಯಲ್ಲಿ ಹಿಡಿದು, "ಅಜ್ಜ, ಜ್ಯೂಸ್ ಇದರಲ್ಲಿ ಬರುತ್ತೆ. ಕೋಲಾ ಯಾಕೆ ಇದರಲ್ಲಿ ಬರಲ್ಲ?" ಅಂದ. ಮೂವತ್ತು ವರ್ಷ ಇದೇ ಕಸುಬಿನಲ್ಲಿ ಕಳೆದವನು ನಾನು. ಉತ್ತರ ಗೊತ್ತಿತ್ತು. ಆದರೂ "ಮನೆಗೆ ಹೋಗಿ ಹೇಳ್ತೇನೆ ಬಾ" ಅಂತ ಕರಕೊಂಡು ಬಂದೆ. ಅವನು ಮನೆಗೆ ಬಂದ ಮೇಲೆ ಮರೆತ. ನನಗೆ ಮರೆಯಲಾಗಲಿಲ್ಲ. ಹಾಗಾಗಿ ಅವನಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನನ್ನ ಅಪ್ಪಯ್ಯನದು ಕುಂದಾಪುರದ ಹತ್ತಿರದ ಒಂದು ಊರಲ್ಲಿ ಸೋಡಾ ಅಂಗಡಿ. ಗೋಲಿ ಸೋಡಾ. ಈಗಿನವರು ಸಿನಿಮಾದಲ್ಲಿ ನೋಡಿರಬಹುದು. ಕತ್ತಿನ ಹತ್ತಿರ ಸೊಂಟ ಹಿಂಡಿದ ಹಾಗಿರುವ ದಪ್ಪ ಗಾಜಿನ ಬಾಟ್ಲಿ, ಒಳಗೊಂದು ಗಾಜಿನ ಗೋಲಿ, ಬಾಯಿಯಲ್ಲಿ ರಬ್ಬರ್ ಬಳೆ. ಇಂಗ್ಲೆಂಡಿನ ಹಿರಾಮ್ ಕಾಡ್ ಎಂಬವನು 1870ರ ದಶಕದಲ್ಲಿ ಪೇಟೆಂಟ್ ಮಾಡಿಸಿದ ಬಾಟ್ಲಿ ಅದು ಅಂತ ನನಗೆ ಗೊತ್ತಾದದ್ದು ಬೊಂಬಾಯಿಗೆ ಬಂದ ಮೇಲೆ. ಅದುವರೆಗೆ ಅದು ನಮ್ಮೂರಲ್ಲೇ ಹುಟ್ಟಿದ್ದು ಅಂದುಕೊಂಡಿದ್ದೆ! ಬಾಟ್ಲಿಯನ್ನು ಮೆಷಿನ್ನಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು, ಗ್ಯಾಸ್ ಬಿಟ್ಟು ತಿರುಗಿಸಿದರೆ ಬಾಟ್ಲಿ ತಲೆಕೆಳಗಾಗಿ ಗೋಲಿ ಬಾಯಿಗೆ ಬಂದು ಕೂರುತ್ತದೆ. ಆಮೇಲೆ ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಯಾವ ಗ್ಯಾಸ್ ಹೊರಗೆ ಓಡಲು ನೋಡುತ್ತದೋ ಅದೇ ಬಾಗಿಲು ಕಾಯುತ್ತದೆ. ಆ ಬುದ್ಧಿವಂತಿಕೆಗೆ ಈಗಲೂ ಕೈ ಮುಗಿಯುತ್ತೇನೆ.

ಅಪ್ಪಯ್ಯನ ಬಲ ಹುಬ್ಬಿನ ಮೇಲೆ ಒಂದು ಬಿಳಿ ಗೆರೆ ಇತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಿಸಿಲಿಗೆ ಬಿದ್ದಿದ್ದ ಬಾಟ್ಲಿ ಎತ್ತುವಾಗ ಒಡೆದದ್ದು. ಅರ್ಧ ಇಂಚು ಕೆಳಗಾಗಿದ್ದರೆ ಕಣ್ಣು. ಅಂದಿನಿಂದ ಬೇಸಿಗೆ ಬಂತೆಂದರೆ ಸೋಡಾ ಬಾಟ್ಲಿಗಳ ಮೇಲೆ ಒದ್ದೆ ಗೋಣಿ ಹೊದಿಸುವುದು ನನ್ನ ಕೆಲಸ. ಗಂಟೆಗೊಮ್ಮೆ ನೀರು ಚಿಮುಕಿಸಬೇಕು. ಆಟಕ್ಕೆ ಹೋಗಿ ಮರೆತರೆ ಬೆನ್ನಿಗೆ ಬೀಳುತ್ತಿತ್ತು. "ಸೋಡಕ್ಕೆ ಬಿಸ್ಲ್ ತೋರ್ಸೂಕಾಗ" ಅನ್ನುವುದು ನಮ್ಮನೆಯಲ್ಲಿ ವೇದವಾಕ್ಯ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1984ರಲ್ಲಿ ನಾನು ಬೊಂಬಾಯಿ ಸೇರಿದೆ. ಹಗಲು ಕೆಲಸ, ರಾತ್ರಿ ಓದು, ಅಂಧೇರಿ ಕಡೆ ರೂಮು. ಕೊನೆಗೆ ಪ್ಲಾಸ್ಟಿಕ್ ಫಿಲ್ಮ್ ಮೇಲೆ ಮುದ್ರಿಸಿ, ಪದರ ಪದರ ಅಂಟಿಸಿ, ಪೌಚ್ ಮಾಡಿಕೊಡುವ ಒಂದು ಕಂಪನಿಯಲ್ಲಿ ನೆಲೆ ನಿಂತೆ. ಚಹಾಪುಡಿ, ಶಾಂಪೂ, ಉಪ್ಪಿನಕಾಯಿ, ಬಿಸ್ಕೆಟ್... ನೀವು ಹರಿದು ಬಿಸಾಡಿದ ಎಷ್ಟೋ ಪೊಟ್ಟಣ ನನ್ನ ಕೈಯಿಂದ ಹೋದದ್ದು ಇರಬಹುದು.

1996ರ ಆರಂಭದಲ್ಲಿ ಒಬ್ಬ ಗಿರಾಕಿ ಬಂದ. ಸಣ್ಣ ಪ್ರಮಾಣದಲ್ಲಿ ನಿಂಬೆ ಸೋಡಾ ಮಾಡುತ್ತಿದ್ದವನು. ಅವನ ತಲೆನೋವು ಗಾಜಿನ ಬಾಟ್ಲಿ. ಭಾರ, ಒಡೆಯುವುದು, ಖಾಲಿ ವಾಪಸ್ ತರುವುದು, ತೊಳೆಯುವುದು. "ಹಾಲು ಚೀಲದಲ್ಲಿ ಬರುತ್ತದೆ, ಸೋಡಾ ಯಾಕೆ ಬರಬಾರದು?" ಅಂದ. ನೋಡಿ, ಮೊಮ್ಮಗ ಕೇಳಿದ ಪ್ರಶ್ನೆಯೇ! ನಮ್ಮ ಬಾಸ್‌ಗೆ ಕಣ್ಣು ಮಿನುಗಿತು. ಇನ್ನೂರು ಎಂಎಲ್ ಸೋಡಾ ಪೌಚ್ ನನ್ನ ಮೇಜಿಗೆ ಬಂತು.

ಇಲ್ಲಿ ಸ್ವಲ್ಪ ಲೆಕ್ಕ. ಬೇಜಾರಾದರೆ ಒಂದು ಪ್ಯಾರಾ ಹಾರಿಸಿ.

ಮಾಮೂಲಿ ಕೋಲಾದಲ್ಲಿ ಪಾನೀಯದ ಅಳತೆಯ ಮೂರೂವರೆ ನಾಲ್ಕು ಪಟ್ಟು ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಅರ್ಧ ಲೀಟರ್ ಬಾಟ್ಲಿಯಲ್ಲಿ ಹತ್ತಿರ ಹತ್ತಿರ ಎರಡು ಲೀಟರ್ ಗ್ಯಾಸ್! ಫ್ರಿಜ್ಜಿನ ತಂಪಿನಲ್ಲಿ ಅದು ನೀರಿನಲ್ಲಿ ಸುಮ್ಮನೆ ಕೂತಿರುತ್ತದೆ. 25 ಡಿಗ್ರಿಗೆ ಬಂದರೆ ಒಳಗಿನ ಒತ್ತಡ ಕಾರಿನ ಟಯರಿಗಿಂತ ಜಾಸ್ತಿ, ಮೂರೂವರೆ ಬಾರ್ ಆಸುಪಾಸು. 40 ಡಿಗ್ರಿಯಲ್ಲಿ ಐದು ಬಾರ್ ದಾಟುತ್ತದೆ. ಬಾಟ್ಲಿ ದುಂಡಗಿರುವುದರಿಂದ ಈ ಒತ್ತಡ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ಪೌಚ್ ಹಾಗಲ್ಲ. ಎರಡು ಹಾಳೆ ಅಂಚಿನಲ್ಲಿ ಬಿಸಿ ಮಾಡಿ ಅಂಟಿಸಿದ್ದು. ಗ್ಯಾಸ್ ತುಂಬಿದರೆ ದಿಂಬಿನಂತೆ ಉಬ್ಬುತ್ತದೆ, ಎರಡು ಹಾಳೆಗಳೂ ಅಂಟಿದ ಜಾಗವನ್ನೇ ಬಿಡಿಸಲು ಎಳೆಯುತ್ತವೆ. ಅಂಟಿಸಿದ ಚೀಟಿಯನ್ನು ಮೂಲೆ ಹಿಡಿದು ಕಿತ್ತ ಹಾಗೆ. ನಮ್ಮ ಸೀಲ್ 15 ಮಿಲಿಮೀಟರ್ ಅಗಲದ ಪಟ್ಟಿಗೆ ಆರು ಕಿಲೋ ಎಳೆತ ತಡೆಯುತ್ತಿತ್ತು, ಪೌಚಿಗೆ ಅದು ಒಳ್ಳೆಯ ಸೀಲೇ. ಪೂರ್ತಿ ಗ್ಯಾಸಿನ ಸೋಡಾಕ್ಕೆ ಬೇಕಾದದ್ದು ಹದಿನಾರು ಕಿಲೋ.

ಹಾಗಾದರೆ ದಪ್ಪ ಮಾಡಿದರೆ? ಮಾಡಿದೆ. ಹೊರಗೆ 12 ಮೈಕ್ರಾನ್ ಪಾಲಿಯೆಸ್ಟರ್, ನಡುವೆ 9 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ, ಒಳಗೆ 75 ಮೈಕ್ರಾನ್ ಪಾಲಿಥಿನ್. ಅಲ್ಯೂಮಿನಿಯಂ ಬೇಕೇ ಬೇಕು, ಏಕೆಂದರೆ ಬರೀ ಪಾಲಿಥಿನ್ ಹಾಲಿಗೆ ಸಾಕು, ಗ್ಯಾಸನ್ನು ಅದು ಜರಡಿಯ ಹಾಗೆ ಬಿಟ್ಟುಬಿಡುತ್ತದೆ. ಆದರೆ ಅಲ್ಯೂಮಿನಿಯಂ ಹಾಳೆ ಮಡಚಿದಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ದಪ್ಪ ಮಾಡಿದರೆ ದುಡ್ಡು ಏರುತ್ತದೆ. ಒಳಗೆ ಖಾಲಿ ಜಾಗ ಬಿಟ್ಟರೆ ಒತ್ತಡ ಇಳಿಯುತ್ತದೆ, ಆದರೆ ಗ್ಯಾಸ್ ಆ ಖಾಲಿ ಜಾಗಕ್ಕೆ ಬಂದು ಕೂತು ಸೋಡಾ ಚಪ್ಪೆ. ಇನ್ನು ತೆರೆಯುವ ಕಥೆ ಬೇರೆ. ಬಾಟ್ಲಿಯ ಮುಚ್ಚಳ ತಿರುಗಿಸುವಾಗ ಸುಸ್ ಅನ್ನುತ್ತದಲ್ಲ, ಮುಚ್ಚಳ ಪೂರ್ತಿ ಬಿಡುವ ಮೊದಲು ಗ್ಯಾಸ್ ಹೋಗಲಿ ಅಂತ ಮರೆಯ ಎಳೆಗಳಲ್ಲಿ ಬೇಕೆಂದೇ ಸೀಳು ಬಿಟ್ಟಿರುತ್ತಾರೆ. ಪೌಚಿನ ಮೂಲೆ ಕತ್ತರಿಸಿದರೆ ಅರ್ಧ ಸೋಡಾ ಅಂಗಿಯ ಮೇಲೆ.

ನಾಲ್ಕು ತಿಂಗಳು ಒದ್ದಾಡಿದೆ. ಕೊನೆಗೆ ಒಂದು ಉಪಾಯ: ಗ್ಯಾಸನ್ನೇ ಕಡಿಮೆ ಮಾಡುವುದು. ಒಂದೂವರೆ ಪಟ್ಟು ಮಾತ್ರ. ನಾಲಿಗೆಗೆ ಸಣ್ಣಗೆ ಚುರುಚುರು. ಆಗ 25 ಡಿಗ್ರಿಯಲ್ಲಿ ಸೀಲಿನ ಮೇಲೆ ಎಳೆತ ನಾಲ್ಕೂವರೆ ಕಿಲೋಗೆ ಇಳಿಯಿತು. ಆರು ಕಿಲೋದ ಸೀಲ್. ಲ್ಯಾಬಿನ ಎಸಿ ರೂಮಿನಲ್ಲಿ ಪೌಚುಗಳು ದಿಂಬಿನ ಹಾಗೆ ಉಬ್ಬಿ, ಬಿಗಿಯಾಗಿ, ಹೊಳೆಯುತ್ತಾ ಕೂತಿದ್ದವು. ಬಾಸ್ ಬೆನ್ನು ತಟ್ಟಿದರು. ಊರಿಗೆ ಹೋದಾಗ ಅಪ್ಪಯ್ಯನಿಗೆ ಒಂದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಗಾಳಿ ಚೀಲದಗೆ ಕಟ್ಟೂಕೆ ಹೊರ್ಟದ್ದಾ ಮಾರಾಯ?" ಅಂದರು. ಅಷ್ಟೇ. ಕುಡಿಯಲಿಲ್ಲ, ಮೇಜಿನ ಮೇಲಿಟ್ಟರು.

ಆದರೆ ಒಂದು ಮಾತು ನಾನು ಬಾಸ್‌ಗೆ ಹೇಳಿದ್ದೆ, ಅಪ್ಪಯ್ಯನಿಗೆ ಹೇಳಿರಲಿಲ್ಲ. ಮೆಷಿನ್ನಿನಲ್ಲಿ ಸೀಲ್ ಎಳೆದು ನೋಡುವುದು ಅರ್ಧ ನಿಮಿಷದ ಕೆಲಸ. ಪೌಚ್ ಎಳೆತ ತಡೆಯಬೇಕಾದದ್ದು ತಿಂಗಳುಗಟ್ಟಲೆ, ಹಗಲೂ ರಾತ್ರಿ. ಪ್ಲಾಸ್ಟಿಕ್ ಸುಸ್ತಾಗುತ್ತದೆ. ಅರ್ಧ ನಿಮಿಷ ಆರು ಕಿಲೋ ಹೊರುವವನು ದಿನವಿಡೀ ನಾಲ್ಕು ಹೊರಲಾರ. ಸಾಲದ್ದಕ್ಕೆ 40 ಡಿಗ್ರಿಗೆ ಹೋದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಸೀಲ್ ಮಾತ್ರ ಮೆತ್ತಗಾಗುತ್ತದೆ. ಬಿಸಿ ರೂಮಿನಲ್ಲಿಟ್ಟ ಇಪ್ಪತ್ತು ಪೌಚುಗಳಲ್ಲಿ ಐದು ಮೂರನೇ ದಿನ ಬಾಯಿ ಬಿಟ್ಟಿದ್ದವು. ವರದಿಯಲ್ಲಿ ಬರೆದೆ. ಬಾಸ್ ಓದಿ, "ಈ ಪುಟ ಬೇಡ. ಬದಲಿಗೆ ತಂಪಾದ ಜಾಗದಲ್ಲಿಡಿ ಅಂತ ಪ್ಯಾಕೆಟ್ ಮೇಲೆ ಹಾಕು" ಅಂದರು. ಆಗ ಮಗಳಿಗೆ ಎಂಟು ತಿಂಗಳು. ರೂಮಿನ ಪಗಡಿಗೆ ಮಾಡಿದ ಸಾಲ ಹಾಗೇ ಇತ್ತು. ಪುಟ ತೆಗೆದೆ. 'ತಂಪಾದ ಜಾಗದಲ್ಲಿಡಿ' ಅಂತ ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹಾಕಿಸಿದೆ. ವರದಿಗೆ ಸಹಿ ಮಾಡಿದೆ. ಆ ಒಂದು ಸಾಲು ಹಾಕಿಸಿದ್ದಕ್ಕೆ ರಾತ್ರಿ ನಿದ್ದೆಯೂ ಬಂತು ಅಂತ ಹೇಳಿದರೆ ನಗಬೇಡಿ.

ಮುಂದಿನ ಬೇಸಿಗೆ, 1997ರ ಮೇ ತಿಂಗಳಲ್ಲಿ, ಮಾಲು ಮಾರ್ಕೆಟ್ಟಿಗೆ ಬಂತು. ಠಾಣೆ ಕಡೆಗೆ ಏಜೆನ್ಸಿ ಹಿಡಿದವರು ನಮ್ಮ ಕಡೆಯವರೇ ಒಬ್ಬ ಶೆಟ್ರು. ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯ. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ಏಜೆನ್ಸಿ ಹಿಡಿಯುವ ಮುಂಚೆ ನನಗೇ ಫೋನ್ ಮಾಡಿದ್ದರು. "ನೀನು ಮಾಡಿದ್ದಂತಲ್ಲ, ಹೇಗುಂಟು ಮಾರಾಯ?"

"ಲ್ಯಾಬಲ್ಲಿ ಚೆನ್ನಾಗಿ ಬಂದಿದೆ ಶೆಟ್ರೇ" ಅಂದೆ. ಸುಳ್ಳಲ್ಲ. ಲ್ಯಾಬಲ್ಲಿ ಚೆನ್ನಾಗೇ ಬಂದಿತ್ತು.

"ನಮ್ಮೂರ ಹುಡುಗ ಮಾಡಿದ್ದಾದ್ರೆ ಸರಿಯೇ ಇರ್ತದೆ ಬಿಡು" ಅಂದರು.

ಸಾಲ ಮಾಡಿ ಒಂದು ಲಾರಿ ಮಾಲು ಎತ್ತಿದರು. ಅವರ ಗೋಡೌನಿಗೆ ತಗಡಿನ ಮಾಡು. ಐದನೇ ದಿನ ಫೋನ್ ಬಂತು. ಹೋಗಿ ನೋಡಿದೆ. ಬಾಗಿಲು ತೆಗೆದರೆ ನಿಂಬೆಯ ಸಿಹಿ ವಾಸನೆ, ನೆಲದ ತುಂಬ ಅಂಟು, ಇರುವೆ. ನಾವು ನಿಂತಿದ್ದಾಗಲೇ ಎಲ್ಲೋ ಮೂಲೆಯಲ್ಲಿ ಒಂದು ಪೌಚ್ ಪುಸ್ ಅಂದಿತು. ಒಡೆಯುವ ಸದ್ದೂ ಅಲ್ಲ, ಯಾರೋ ಉಸಿರು ಬಿಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ನನಗೆ ನೆನಪಾದದ್ದು ಒದ್ದೆ ಗೋಣಿ. ಹತ್ತು ವರ್ಷದ ಹುಡುಗನಾಗಿದ್ದಾಗ ಗೊತ್ತಿದ್ದ ವಿಷಯ, ಡಿಪ್ಲೊಮಾ ಮುಗಿಸಿ ಸಹಿ ಹಾಕುವಾಗ ಗೊತ್ತಿಲ್ಲದ ಹಾಗೆ ಇದ್ದೆ.

ಶೆಟ್ರು ದುಡ್ಡು ವಾಪಸ್ ಕೇಳಿದರು. ಸೋಡಾದವನು ನಮ್ಮ ಕಡೆ ಕೈ ತೋರಿಸಿದ. ನಮ್ಮ ಕಂಪನಿಯವರು ಪೌಚ್ ತೋರಿಸಿದರು: 'ತಂಪಾದ ಜಾಗದಲ್ಲಿಡಿ' ಅಂತ ಬರೆದಿದೆ ನೋಡಿ, ತಗಡಿನ ಕೆಳಗೆ ಇಟ್ಟರೆ ನಾವೇನು ಮಾಡುವುದು? ನಾನು ಮನಸ್ಸಾಕ್ಷಿಗಾಗಿ ಹಾಕಿಸಿದ ಸಾಲನ್ನೇ ಅವರ ಬಾಯಿ ಮುಚ್ಚಿಸಲು ಬಳಸಿದರು. ತೆಗೆದ ಪುಟದ ಕಾರ್ಬನ್ ಪ್ರತಿ ನನ್ನ ಡ್ರಾಯರಿನಲ್ಲಿತ್ತು. ಕೊಟ್ಟಿದ್ದರೆ ಶೆಟ್ರಿಗೆ ದುಡ್ಡು ಸಿಗುತ್ತಿತ್ತೋ ಇಲ್ಲವೋ, ಹೇಳಲಾರೆ. ನನ್ನ ಕೆಲಸ ಹೋಗುತ್ತಿದ್ದದ್ದು ಖಂಡಿತ. ಕೊಡಲಿಲ್ಲ. ಶೆಟ್ರು ಆ ಸಾಲ ತೀರಿಸಲು ಗೋಡೌನ್ ಮಾರಿದರು ಅಂತ ಆಮೇಲೆ ಗೊತ್ತಾಯ್ತು.

ನಿಮಗೆ ಒಂದು ತಮಾಷೆ ಹೇಳುತ್ತೇನೆ. ಆ ಹೊತ್ತಿಗೆ ಉತ್ತರ ನಮ್ಮ ಕಣ್ಣೆದುರೇ ಇತ್ತು. ಪೆಟ್ ಬಾಟ್ಲಿ. ಅಮೆರಿಕದ ಡುಪಾಂಟ್ ಕಂಪನಿಯ ಇಂಜಿನಿಯರ್ ನಥಾನಿಯಲ್ ವೈಯತ್ 1973ರಲ್ಲಿ ಪೇಟೆಂಟ್ ಪಡೆದದ್ದು. ಪ್ರಸಿದ್ಧ ಚಿತ್ರಕಾರ ಆಂಡ್ರೂ ವೈಯತ್ ಇವನ ತಮ್ಮ. ಡಿಟರ್ಜೆಂಟಿನ ಪ್ಲಾಸ್ಟಿಕ್ ಬಾಟ್ಲಿಗೆ ಶುಂಠಿ ಸೋಡಾ ತುಂಬಿ ಫ್ರಿಜ್ಜಿನಲ್ಲಿಟ್ಟಾಗ ಅದು ಉಬ್ಬಿ ಸಿಕ್ಕಿಹಾಕಿಕೊಂಡಿತ್ತಂತೆ, ಅಲ್ಲಿಂದ ಅವನ ಹುಡುಕಾಟ ಶುರು. ಅವನು ಪ್ಲಾಸ್ಟಿಕ್ಕನ್ನು ದಪ್ಪ ಮಾಡಲಿಲ್ಲ. ಎರಡೂ ದಿಕ್ಕಿಗೆ ಎಳೆದ, ನೂಲು ಹೊಸೆದ ಹಾಗೆ ಗಟ್ಟಿ ಬಂತು. ಈಗ ಖಾಲಿ ಕೋಲಾ ಬಾಟ್ಲಿ ಹಿಂಡಿ ನೋಡಿ, ಪೌಚಿನಷ್ಟೇ ಮೆತ್ತಗೆ. ತುಂಬಿದ್ದನ್ನು ಹಿಂಡಿ, ಕಲ್ಲು. ಅದಕ್ಕೆ ಗಟ್ಟಿತನ ಕೊಡುವುದು ಒಳಗಿನ ಗ್ಯಾಸೇ. ತಳದಲ್ಲಿ ಹೂವಿನೆಸಳಿನಂಥ ಐದು ಕಾಲುಗಳಿವೆಯಲ್ಲ, ಅದೂ ಅಂದಕ್ಕಲ್ಲ. ತಳ ಉಬ್ಬಿದರೂ ಬಾಟ್ಲಿ ನಿಲ್ಲಲಿ ಅಂತ. ಅಂದರೆ ಮೆತ್ತಗಿನ ಪ್ಯಾಕಿಂಗಿನಲ್ಲಿ ಸೋಡಾ ಕಟ್ಟುವುದು ಅಸಾಧ್ಯವಲ್ಲ. ಗ್ಯಾಸಿಗೆ ಯಾವ ಆಕಾರ ಬೇಕೋ ಅದನ್ನು ಮೊದಲೇ ಕೊಟ್ಟುಬಿಡಬೇಕು, ಅಷ್ಟೇ. ಮೊಮ್ಮಗನಿಗೆ ಇದನ್ನೇ ಹೇಳಬೇಕಿತ್ತು. ನಾನು ಚಪ್ಪಟೆ ಚೀಲ ಹಿಡಿದುಕೊಂಡು ಗ್ಯಾಸಿನ ಜೊತೆ ಹಟ ಮಾಡುತ್ತಿದ್ದೆ.

ಇನ್ನೊಂದು ಸಮಾಧಾನ. ನನ್ನ ಪೌಚ್ ಗೆದ್ದಿದ್ದರೆ ಏನಾಗುತ್ತಿತ್ತು? 26 ಜುಲೈ 2005ರ ಮಳೆ ಈ ಊರಿನವರು ಯಾರೂ ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್. ಸೊಂಟದ ನೀರಿನಲ್ಲಿ ನಡೆದು ಮನೆ ಸೇರಿದ ನಾನು ಮೂರು ದಿನ ಬಿಟ್ಟು ನೋಡಿದಾಗ ನಮ್ಮ ಬೀದಿಯ ಗಟಾರದಿಂದ ತೆಗೆದ ರಾಶಿಯಲ್ಲಿ ಹೊಳೆಯುವ ಪೊಟ್ಟಣಗಳೇ ತುಂಬಿದ್ದವು. ಪೆಟ್ ಬಾಟ್ಲಿಯನ್ನು ಚಿಂದಿ ಆಯುವವರು ಒಯ್ಯುತ್ತಾರೆ, ಅದಕ್ಕೆ ಬೆಲೆ ಇದೆ. ಮೂರು ಪದರ ಅಂಟಿಸಿದ ನಮ್ಮ ಪೌಚನ್ನು ಬಿಡಿಸಲಾಗದು, ಯಾರೂ ಮುಟ್ಟುವುದಿಲ್ಲ. ಹಾಗೆ ಅಂದುಕೊಂಡರೆ ಸೋತದ್ದೇ ಒಳ್ಳೆಯದಾಯ್ತು. ಆದರೆ ಈ ಲೆಕ್ಕದಿಂದ ಶೆಟ್ರ ಗೋಡೌನ್ ವಾಪಸ್ ಬರುವುದಿಲ್ಲ.

ಕೆಲ ವರ್ಷಗಳ ನಂತರ ಒಂದು ಯಕ್ಷಗಾನದ ರಾತ್ರಿ ಮಾಟುಂಗದಲ್ಲಿ ಅವರು ಸಿಕ್ಕರು. ಇಂಟರ್ವಲ್ಲಿನಲ್ಲಿ ತಾವೇ ಎರಡು ಸೋಡಾ ಬಾಟ್ಲಿ ತಂದು ಒಂದನ್ನು ನನ್ನ ಕೈಗಿಟ್ಟು, "ಇದು ನೀನು ಮಾಡಿದ್ದಲ್ಲ ತಾನೇ?" ಅಂತ ನಕ್ಕರು. ನಾನೂ ನಕ್ಕೆ. ಆ ಕ್ಷಣದಲ್ಲಿ ಕಾರ್ಬನ್ ಪ್ರತಿಯ ವಿಷಯ ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಚೆಂಡೆ ಶುರುವಾಯ್ತು. ಒಳಗೆ ಹೋದೆವು. 2011ರಲ್ಲಿ ಅವರು ತೀರಿಕೊಂಡರು.

ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಮಸಿ ಮಾಸಿದೆ. ಇಪ್ಪತ್ತರಲ್ಲಿ ಐದು ಅನ್ನುವುದು ಮಾತ್ರ ಓದಬಹುದು.

ಬಹಳ ಭಾರ ಮಾಡಿಬಿಟ್ಟೆನೇನೋ. ಇರಲಿ. ನಿಮ್ಮೂರಲ್ಲಿ ಗೋಲಿ ಸೋಡಾ ಅಂಗಡಿ ಇತ್ತಾ? ಈಗಲೂ ಇದೆಯಾ? ಬೇಸಿಗೆಯಲ್ಲಿ ಬಾಟ್ಲಿಗೆ ಏನು ಹೊದಿಸುತ್ತಿದ್ದರು? ನೆನಪಿದ್ದವರು ಬರೆಯಿರಿ.